ಸ್ವೀಟ್ನರ್ ಕೆಟ್ಟದ್ದಾ? ಯಾವುದರ ಬದಲಿಗೆ ಅಂತ ಮೊದ್ಲು ಹೇಳಿ

2023ರ ಜುಲೈ ಆದ್ಮೇಲೆ ನನ್ನ ಹತ್ರ ಬರೋ ಶುಗರ್ ಪೇಷಂಟ್‌ಗಳು ತುಂಬಾ ಜನ ಒಂದೇ ಪ್ರಶ್ನೆ ಕೇಳೋಕೆ ಶುರು ಮಾಡಿದ್ರು, "ಮೇಡಂ, ಕಾಫಿಗೆ ಹಾಕ್ಕೊಳ್ಳೋ ಆ ಗುಳಿಗೆಯಿಂದ ಕ್ಯಾನ್ಸರ್ ಬರುತ್ತಂತಲ್ಲ, ನಿಜಾನಾ?" ಕೇಳಿದವರು ಪರವಾಗಿಲ್ಲ, ಕೂರಿಸಿ ಹೇಳಬಹುದು. ಕೆಲವರು ಕೇಳೋದೇ ಇಲ್ಲ, ಡಬ್ಬಿ ಎಸೆದು ಸೀದಾ ಸಕ್ಕರೆಗೆ ವಾಪಸ್ ಹೋಗಿರ್ತಾರೆ, ಮೂರು ತಿಂಗಳಾದ್ಮೇಲೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) ರಿಪೋರ್ಟ್ ಕೈಗೆ ಬಂದಾಗ್ಲೇ ವಿಷಯ ಗೊತ್ತಾಗೋದು. ಬರಬಹುದೋ ಬರಲ್ವೋ ಗೊತ್ತಿಲ್ಲದ ಕಾಯಿಲೆಗೆ ಹೆದರಿ, ಈಗಾಗ್ಲೇ ಮೈಯಲ್ಲಿರೋ ಕಾಯಿಲೆನ ಕೆಡಿಸ್ಕೊಂಡು ಬರ್ತಾರೆ. ಡಯಟೀಷಿಯನ್ ಆಗಿ ನನಗೆ ಹೆಚ್ಚು ಬೇಜಾರಾಗೋದು ಇದಕ್ಕೇ.

ಆ ತಿಂಗಳು ಆಗಿದ್ದಿಷ್ಟು. ಜುಲೈ 14ಕ್ಕೆ ಒಂದೇ ದಿನ ಎರಡು ತೀರ್ಮಾನ ಹೊರಗೆ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ, ಈ ಗುಳಿಗೆ, ಡಯಟ್ ಡ್ರಿಂಕ್‌ಗಳಲ್ಲಿ ಸಕ್ಕರೆ ಬದಲು ಹಾಕೋ ಸ್ವೀಟ್ನರ್ ಆಸ್ಪರ್ಟೇಮ್‌ನ 2ಬಿ ಗುಂಪಿಗೆ ಸೇರಿಸ್ತು, ಅಂದ್ರೆ ಕ್ಯಾನ್ಸರ್ ತರೋ ಸಾಧ್ಯತೆ ಇರಬಹುದು ಆದ್ರೆ ಪುರಾವೆ ಕಮ್ಮಿ ಅನ್ನೋ ಗುಂಪು. ಅದೇ ದಿನ ಆಹಾರದ ಸೇರ್ಪಡೆಗಳನ್ನ ಪರಿಶೀಲಿಸೋ ಇನ್ನೊಂದು ತಜ್ಞರ ಸಮಿತಿ ಜೆಕ್ಫಾ, ದಿನಕ್ಕೆ ದೇಹದ ತೂಕದ ಪ್ರತಿ ಕೆಜಿಗೆ 40 ಮಿಲಿಗ್ರಾಂ ಅಂತ ಮೊದಲಿಂದ ಇದ್ದ ಮಿತಿನ ಬದಲಾಯಿಸೋ ಕಾರಣ ಕಾಣಿಸ್ಲಿಲ್ಲ ಅಂತ ಹೇಳ್ತು. ಮೊದಲನೇದು ಹೆಡ್‌ಲೈನ್ ಆಯ್ತು, ಎರಡನೇದನ್ನ ಕೇಳಿದವರೇ ಇಲ್ಲ.

ಈ ಎರಡೂ ಒಂದಕ್ಕೊಂದು ವಿರುದ್ಧ ಅಂತ ಅನ್ಸುತ್ತೆ, ಆದ್ರೆ ಅವು ಬೇರೆ ಬೇರೆ ಕೆಲಸ. ಐಎಆರ್‌ಸಿ ನೋಡೋದು ಈ ವಸ್ತುವಿಂದ ಯಾವುದಾದ್ರೂ ಪರಿಸ್ಥಿತೀಲಿ ಕ್ಯಾನ್ಸರ್ ಆಗೋಕೆ ಸಾಧ್ಯನಾ, ಅದಕ್ಕೆ ಪುರಾವೆ ಎಷ್ಟು ಗಟ್ಟಿ ಅನ್ನೋದನ್ನ ಮಾತ್ರ. ಎಷ್ಟು ತಿಂದ್ರೆ, ಎಷ್ಟು ವರ್ಷ ತಿಂದ್ರೆ ಅನ್ನೋ ಲೆಕ್ಕ ಅವರದ್ದಲ್ಲ. ಅವರ ಪಟ್ಟಿಯ 1ನೇ ಗುಂಪಲ್ಲಿ, ಅಂದ್ರೆ ಕ್ಯಾನ್ಸರ್ ತರುತ್ತೆ ಅಂತ ಖಚಿತ ಆಗಿರೋದ್ರಲ್ಲಿ, ಬಿಸಿಲಿದೆ, ತಂಬಾಕಿದೆ, ಮದ್ಯ ಇದೆ, ಸಂಸ್ಕರಿಸಿದ ಮಾಂಸ ಇದೆ, ಹಾಗಂತ ಇವೆಲ್ಲದರ ಅಪಾಯ ಒಂದೇ ಪ್ರಮಾಣದ್ದು ಅಂತಲ್ಲ. 2ಬಿ ಗುಂಪಲ್ಲಿ ಲೋಳೆಸರದ ಪೂರ್ತಿ ಎಲೆಯ ಸಾರ ಕೂಡ ಇದೆ, ನೈಸರ್ಗಿಕ ಅಂತ ಅದನ್ನ ಬೆಳಿಗ್ಗೆ ಕುಡಿಯೋರು ಯಾರೂ ಈ ವಿಷಯ ನನ್ನ ಹತ್ರ ಕೇಳಿಲ್ಲ ಬಿಡಿ.

ಎಷ್ಟು ಅನ್ನೋ ಲೆಕ್ಕನ ನಾವೇ ಮಾಡೋಣ, ಕಷ್ಟ ಏನಿಲ್ಲ. 60 ಕೆಜಿ ತೂಕದವರಿಗೆ 40ರಂತೆ 2400 ಮಿಲಿಗ್ರಾಂ. ಒಂದು ಕ್ಯಾನ್ ಡಯಟ್ ಡ್ರಿಂಕಲ್ಲಿ 200ರಿಂದ 300 ಮಿಲಿಗ್ರಾಂ ಆಸ್ಪರ್ಟೇಮ್ ಇರುತ್ತೆ ಅಂತ ಇಟ್ಕೊಂಡ್ರೆ ದಿನಾ 8ರಿಂದ 12 ಕ್ಯಾನ್ ಕುಡಿದಾಗ ಆ ಮಿತಿ ಮುಟ್ಟೋದು, ಅದೂ ಬೇರೆ ಯಾವುದರಲ್ಲೂ ಆಸ್ಪರ್ಟೇಮ್ ತಗೊಳ್ದೇ ಇದ್ರೆ. ಕಾಫಿಗೆ ಹಾಕೋ ಸಣ್ಣ ಗುಳಿಗೇಲಿ ಇರೋದು ಸುಮಾರು 20 ಮಿಲಿಗ್ರಾಂ, ದಿನಕ್ಕೆ ನಾಲ್ಕು ಹಾಕ್ಕೊಳ್ಳೋರು ಮಿತಿಯ ಹತ್ತಿರಕ್ಕೂ ಹೋಗಲ್ಲ. ಜೊತೆಗೆ ಈ ತರ ಮಿತಿಗಳನ್ನ ಇಡೋದು ಸಾಮಾನ್ಯವಾಗಿ ಹೇಗೆ ಅಂದ್ರೆ, ಪ್ರಾಣಿಗಳಿಗೆ ಎಷ್ಟರ ತನಕ ಕೊಟ್ರೂ ತೊಂದ್ರೆ ಕಾಣ್ಲಿಲ್ವೋ ಆ ಪ್ರಮಾಣನ ತಗೊಂಡು ಅದರ ನೂರನೇ ಒಂದು ಭಾಗಕ್ಕೆ ಇಳಿಸ್ತಾರೆ.

ಆದ್ರೆ ಇದೇ ಲೆಕ್ಕನ 15 ಕೆಜಿ ಮಗುವಿಗೆ ಹಾಕಿ ನೋಡಿ. 600 ಮಿಲಿಗ್ರಾಂ. ಅಂದ್ರೆ ಎರಡು ಮೂರು ಕ್ಯಾನಿಗೇ ಮಿತಿ ಮುಟ್ಟಿಬಿಡುತ್ತೆ. ದೊಡ್ಡವರ ಲೆಕ್ಕನ ತೋರಿಸಿ ಮಕ್ಕಳಿಗೂ ಸೇಫ್ ಅಂತ ಹೇಳೋದು ನನಗೆ ಅದಕ್ಕೇ ಒಪ್ಪಿಗೆ ಇಲ್ಲ, ಮಕ್ಕಳಿಗೆ ಆ ಡ್ರಿಂಕಿನ ಅಗತ್ಯಾನೇ ಇಲ್ಲ ಅನ್ನೋದು ಬೇರೆ ಮಾತು.

ಮೆಥನಾಲ್ ಬಗ್ಗೆನೂ ಕೇಳ್ತಾರೆ. ಹೌದು, ಆಸ್ಪರ್ಟೇಮ್ ಕರುಳಲ್ಲಿ ಒಡೆದು ಫೀನೈಲ್‌ಅಲನಿನ್, ಆಸ್ಪಾರ್ಟಿಕ್ ಆಸಿಡ್ ಮತ್ತೆ ಸ್ವಲ್ಪ ಮೆಥನಾಲ್ ಆಗುತ್ತೆ, ತೂಕದಲ್ಲಿ ಹತ್ತನೇ ಒಂದು ಭಾಗ. ಒಂದು ಕ್ಯಾನ್ ಡಯಟ್ ಡ್ರಿಂಕಿಗಿಂತ ಜಾಸ್ತಿ ಮೆಥನಾಲ್ ಒಂದು ಲೋಟ ಟೊಮೆಟೊ ಜ್ಯೂಸಿಂದ ಬರುತ್ತೆ. ನಿಜವಾಗ್ಲೂ ಎಚ್ಚರ ಬೇಕಾಗಿರೋದು ಫೀನೈಲ್‌ಅಲನಿನ್‌ಗೆ, ಅದೂ ಪಿಕೆಯು ಅನ್ನೋ ಹುಟ್ಟಿನಿಂದ ಬರೋ ಕಾಯಿಲೆ ಇರೋರಿಗೆ. ಅವರ ದೇಹಕ್ಕೆ ಅದನ್ನ ಕರಗಿಸೋಕೆ ಆಗಲ್ಲ, ಮಿದುಳಿಗೆ ಹಾನಿ ಆಗುತ್ತೆ, ಪ್ಯಾಕೆಟ್ ಮೇಲೆ ಸಣ್ಣ ಅಕ್ಷರದಲ್ಲಿ ಇರೋ ಆ ಎಚ್ಚರಿಕೆ ಅವರಿಗಾಗಿ.

ಇನ್ನು ಸ್ಯಾಕರಿನ್ ಅನ್ನೋ ಹಳೇ ಸ್ವೀಟ್ನರ್. 1879ರಲ್ಲಿ ಕಾನ್‌ಸ್ಟಂಟಿನ್ ಫಾಲ್‌ಬರ್ಗ್ ಅನ್ನೋ ಕೆಮಿಸ್ಟ್ ಕೈ ಸರಿಯಾಗಿ ತೊಳೀದೆ ಊಟಕ್ಕೆ ಕೂತಾಗ ಸಿಕ್ಕಿದ ಸಿಹಿ ಅದು (ಸೈಕ್ಲಮೇಟ್ 1937ರಲ್ಲಿ ಸಿಕ್ಕಿದ್ದು ಲ್ಯಾಬಲ್ಲಿ ಸಿಗರೇಟ್ ಸೇದ್ತಾ ಇದ್ದವರಿಗೆ, ಆಸ್ಪರ್ಟೇಮ್ 1965ರಲ್ಲಿ ಸಿಕ್ಕಿದ್ದು ಬೆರಳು ನೆಕ್ಕಿದವರಿಗೆ, ಈಗಿನ ಲ್ಯಾಬ್ ಸೇಫ್ಟಿ ರೂಲ್ಸ್ ಆವಾಗ ಇದ್ದಿದ್ರೆ ಈ ಅಂಕಣಕ್ಕೆ ವಿಷಯಾನೇ ಇರ್ತಿರ್ಲಿಲ್ಲ). ಇಲಿಗಳಿಗೆ ತುಂಬಾ ಸ್ಯಾಕರಿನ್ ತಿನ್ನಿಸಿದಾಗ ಮೂತ್ರಕೋಶದಲ್ಲಿ ಗೆಡ್ಡೆ ಬಂತು, 1977ರಲ್ಲಿ ಅಮೆರಿಕದಲ್ಲಿ ನಿಷೇಧದ ಪ್ರಸ್ತಾಪ ಬಂದು ಕೊನೆಗೆ ಪ್ಯಾಕೆಟ್ ಮೇಲೆ ಕ್ಯಾನ್ಸರ್ ಎಚ್ಚರಿಕೆ ಹಾಕೋದಕ್ಕೆ ನಿಂತ್ಕೊಳ್ತು. ಆಮೇಲೆ ಗೊತ್ತಾಗಿದ್ದು ಏನಂದ್ರೆ ಇಲಿ ಮೂತ್ರದ ರಚನೆಯೇ ಬೇರೆ, ಅದರಲ್ಲಿ ಹರಳು ಕಟ್ಟಿ ಮೂತ್ರಕೋಶದ ಒಳಪದರನ ಕೆರೀತಾ ಇತ್ತು, ಮನುಷ್ಯರಲ್ಲಿ ಹಾಗಾಗಲ್ಲ. 2000ದಲ್ಲಿ ಎಚ್ಚರಿಕೆ ತೆಗೆದ್ರು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಡಬ್ಬಿ ಮೇಲೆ ಇದ್ದ ಭಯ ಒಂದು ಆದೇಶ ಬಂದ ಕೂಡ್ಲೇ ತಲೆಯಿಂದ ಹೋಗಿಬಿಡುತ್ತಾ, ಇವತ್ತಿಗೂ ಕೇಳ್ತಾನೇ ಇದಾರೆ.

ಹಾಗಾದ್ರೆ ಮನುಷ್ಯರ ಮೇಲಿನ ಸ್ಟಡಿಗಳು? ಅವೂ ಇವೆ, ಅವನ್ನ ತಳ್ಳಿಹಾಕೋಕೆ ಆಗಲ್ಲ. ಫ್ರಾನ್ಸಿನ ನ್ಯೂಟ್ರಿನೆಟ್-ಸಾಂತೆ ಅನ್ನೋ ಅಧ್ಯಯನದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಊಟ ತಿಂಡಿ ದಾಖಲೆ ಇಟ್ಟು ನೋಡಿದಾಗ, ಸ್ವೀಟ್ನರ್ ಜಾಸ್ತಿ ತಗೊಳ್ಳೋರಲ್ಲಿ ಕ್ಯಾನ್ಸರ್ ಶೇ. 13ರಷ್ಟು ಹೆಚ್ಚು ಕಂಡಿತ್ತು, 2022ರಲ್ಲಿ ಪ್ರಕಟ ಆಯ್ತು. ಆದ್ರೆ ಡಯಟ್ ಡ್ರಿಂಕ್ ಯಾರು ಕುಡೀತಾರೆ ಹೇಳಿ? ತೂಕ ಜಾಸ್ತಿ ಆಯ್ತು ಅಂತ ಹೆದರಿದವರು, ಅಪ್ಪ ಅಮ್ಮಂಗೆ ಶುಗರ್ ಇದ್ದು ನಂಗೂ ಬಂದೀತು ಅನ್ನೋರು, ಡಾಕ್ಟರು ಆಗ್ಲೇ ಬೈದು ಕಳಿಸಿರೋರು. ಅಂದ್ರೆ ಕಾಯಿಲೆಯ ದಾರೀಲಿ ಅರ್ಧ ನಡೆದು ಬಂದವರೇ ಸ್ವೀಟ್ನರ್ ಕೈಗೆ ತಗೊಳ್ಳೋದು, ಆಮೇಲೆ ಕಾಯಿಲೆ ಬಂದ್ರೆ ಅದು ಸ್ವೀಟ್ನರ್‌ದ್ದಾ ಮೊದಲಿಂದ ಇದ್ದ ತೂಕದ್ದಾ ಅಂತ ಬಿಡಿಸೋದು, ಎಷ್ಟೇ ಲೆಕ್ಕ ಸರಿಪಡಿಸಿದ್ರೂ, ಪೂರ್ತಿ ಆಗಲ್ಲ.

ಲಾಟರಿ ಎತ್ತಿದ ಹಾಗೆ ಗುಂಪು ಮಾಡಿ ಕೊಟ್ಟು ನೋಡೋ ಟ್ರಯಲ್‌ಗಳಲ್ಲಿ ಚಿತ್ರ ಬೇರೆ ಇದೆ. 2012ರಲ್ಲಿ ಪ್ರಕಟ ಆದ ಒಂದು ಟ್ರಯಲ್‌ನಲ್ಲಿ ನೆದರ್‌ಲ್ಯಾಂಡ್ಸ್‌ನ 641 ಮಕ್ಕಳಿಗೆ 18 ತಿಂಗಳು ದಿನಾ ಒಂದು ಕ್ಯಾನ್ ಕೊಟ್ರು, ಅರ್ಧ ಮಕ್ಕಳಿಗೆ ಸಕ್ಕರೆ ಇರೋದು, ಅರ್ಧ ಮಕ್ಕಳಿಗೆ ಸ್ವೀಟ್ನರ್ ಇರೋದು, ಯಾವುದು ಯಾವುದು ಅಂತ ಯಾರಿಗೂ ಹೇಳದೆ. ಸಕ್ಕರೆಯವರ ತೂಕ 7.37 ಕೆಜಿ ಏರ್ತು, ಇನ್ನೊಂದು ಗುಂಪಿನವರದ್ದು 6.35 ಕೆಜಿ. ಒಂದು ಕೆಜಿ ವ್ಯತ್ಯಾಸ, ಬೆಳೆಯೋ ಮಕ್ಕಳಿಗೆ ಅದು ಸಣ್ಣದಲ್ಲ. ಇಲ್ಲಿ ಗಮನಿಸಬೇಕಾದ್ದು ಹೋಲಿಕೆ ಸಕ್ಕರೆ ಜೊತೆ ಮಾಡಿದ್ದು, ನೀರಿನ ಜೊತೆ ಅಲ್ಲ. ನಾನು ಪ್ರತಿಯೊಬ್ಬರಿಗೂ ಯಾವುದರ ಬದಲಿಗೆ ತಗೊಳ್ತಿದೀರ ಅಂತ ಕೇಳೋದು ಇದಕ್ಕೇನೆ. ದಿನಾ ಆರು ಚಮಚ ಸಕ್ಕರೆ ಹಾಕ್ಕೊಳ್ತಿದ್ದವರು ಅದರ ಬದಲು ಗುಳಿಗೆ ಹಾಕ್ಕೊಂಡ್ರೆ ಲಾಭ. ಬರೀ ನೀರು ಕುಡೀತಿದ್ದವರು ಡಯಟ್ ಡ್ರಿಂಕ್ ಶುರು ಮಾಡಿದ್ರೆ ಅವರಿಗೇನು ಸಿಕ್ತು? "ಕಾಫಿಗೆ ಸಕ್ಕರೆ ಹಾಕಿಲ್ವಲ್ಲ" ಅಂತ ಜೊತೆಗೆ ಒಂದು ತುಂಡು ಕೇಕ್ ಜಾಸ್ತಿ ತಿಂದ್ರೆ ಗುಳಿಗೆ ಮೇಲೆ ತಪ್ಪು ಹೊರಿಸಿ ಏನು ಮಾಡೋದು.

ಅದೇ 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇನ್ನೊಂದು ಗೈಡ್‌ಲೈನ್ ಕೊಡ್ತು, ತೂಕ ಇಳಿಸೋಕೆ ಅಂತ ಸ್ವೀಟ್ನರ್ ಬಳಸಬೇಡಿ ಅಂತ. ನನ್ನ ಪ್ರಕಾರ ಜುಲೈ ಸುದ್ದಿಗಿಂತ ಇದಕ್ಕೆ ಹೆಚ್ಚು ಬೆಲೆ ಕೊಡಬೇಕಿತ್ತು. ಆದ್ರೆ ಇದರಲ್ಲೂ ಒಂದು ಸಾಲು ಎಲ್ರ ಕಣ್ಣಿಗೂ ತಪ್ಪಿಹೋಯ್ತು, ಈಗಾಗ್ಲೇ ಡಯಾಬಿಟಿಸ್ ಇರೋರಿಗೆ ಈ ಸಲಹೆ ಅನ್ವಯಿಸಲ್ಲ ಅಂತ ಅದರಲ್ಲೇ ಬರೆದಿದಾರೆ.

ಸ್ವೀಟ್ನರ್ ಕರುಳಿನ ಬ್ಯಾಕ್ಟೀರಿಯಾನ ಬದಲಾಯಿಸುತ್ತಾ ಅನ್ನೋ ವಿಷಯದಲ್ಲಿ ನನಗೂ ಕುತೂಹಲ ಇದೆ. 2022ರಲ್ಲಿ ಇಸ್ರೇಲಿನ ಸಂಶೋಧಕರು 120 ಜನ ಆರೋಗ್ಯವಂತರಿಗೆ ಎರಡು ವಾರ ಬೇರೆ ಬೇರೆ ಸ್ವೀಟ್ನರ್ ಕೊಟ್ಟು ನೋಡಿದ್ರು, ಮಿತಿಗಿಂತ ಕಮ್ಮಿ ಪ್ರಮಾಣದಲ್ಲೇ. ಸ್ಯಾಕರಿನ್ ಮತ್ತೆ ಸುಕ್ರಲೋಸ್ ತಗೊಂಡವರಲ್ಲಿ ಗ್ಲೂಕೋಸ್ ಕುಡಿದಾದ್ಮೇಲೆ ಶುಗರ್ ಮೊದಲಿಗಿಂತ ಜಾಸ್ತಿ ಏರ್ತು, ಆದ್ರೆ ಎಲ್ಲರಿಗೂ ಒಂದೇ ತರ ಅಲ್ಲ, ಅವರವರ ಕರುಳಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಅನ್ನೋದರ ಮೇಲೆ. ಹಾಗಾಗಿ ಮನೇಲಿ ಗ್ಲೂಕೋಮೀಟರ್ ಇರೋರಿಗೆ ನಾನು ಹೇಳೋದು, ಎರಡು ವಾರ ಹಾಕ್ಕೊಂಡು ಎರಡು ವಾರ ಬಿಟ್ಟು, ಅದೇ ಊಟ ಮಾಡಿ ನಿಮ್ಮ ರೀಡಿಂಗ್ ನೀವೇ ಬರೆದಿಟ್ಕೊಂಡು ಬನ್ನಿ.

ನಾನು ಸ್ವಲ್ಪ ಹಿಂಜರಿಯೋದು ಎರಿಥ್ರಿಟಾಲ್ ವಿಷಯಕ್ಕೆ. ಇದು ನಿಜಕ್ಕೂ ಶುಗರ್ ಆಲ್ಕೋಹಾಲ್ ಗುಂಪಿಂದು (ಹೆಸರಲ್ಲಿ ಆಲ್ಕೋಹಾಲ್ ಇದ್ರೂ ಮದ್ಯ ಅಲ್ಲ), ಸಕ್ಕರೆಗಿಂತ ಸಿಹಿ ಕಮ್ಮಿ, ಅದಕ್ಕೆ ಮಿಲಿಗ್ರಾಂ ಅಲ್ಲ, ಚಮಚಗಟ್ಟಲೆ ಬೇಕಾಗುತ್ತೆ. 2023ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು, ರಕ್ತದಲ್ಲಿ ಇದು ಜಾಸ್ತಿ ಇರೋರಿಗೆ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಹೆಚ್ಚು ಅಂತ ತೋರಿಸಿದ್ರು. ನಮ್ಮ ದೇಹ ತಾನಾಗೇ ಸ್ವಲ್ಪ ಎರಿಥ್ರಿಟಾಲ್ ತಯಾರಿಸುತ್ತೆ, ಹಾಗಾಗಿ ಅದೊಂದರಿಂದ್ಲೇ ತೀರ್ಮಾನ ಮಾಡೋಕಾಗಲ್ಲ ಅಂತ ವಾದ ಬಂತು, ಸರಿಯಾದ ವಾದಾನೇ. ಆದ್ರೆ ಆಮೇಲೆ 2024ರಲ್ಲಿ ಆರೋಗ್ಯವಂತರಿಗೆ 30 ಗ್ರಾಂ ಕುಡಿಸಿ ನೋಡಿದಾಗ ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್ಲೆಟ್‌ಗಳು ಚುರುಕಾಗಿದ್ದು ಕಂಡಿತು, ಅಷ್ಟೇ ಗ್ಲೂಕೋಸ್ ಕುಡಿದವರಲ್ಲಿ ಹಾಗೆ ಆಗ್ಲಿಲ್ಲ. ಸಣ್ಣ ಸ್ಟಡಿ, ಒಪ್ತೀನಿ, ಆದ್ರೂ ಸ್ಟೆಂಟ್ ಹಾಕಿಸ್ಕೊಂಡವರಿಗೆ, ಸ್ಟ್ರೋಕ್ ಆದವರಿಗೆ ಇದು ಬೇಡ ಅಂತ್ಲೇ ಹೇಳ್ತೀನಿ. ಮುಂದುಗಡೆ ದೊಡ್ಡ ಅಕ್ಷರದಲ್ಲಿ ಸ್ಟೀವಿಯಾ (ಗಿಡದ ಎಲೆಯಿಂದ ತೆಗೆಯೋ ಸಿಹಿ) ಅಂತ, ಹಸಿರು ಎಲೆ ಚಿತ್ರ ಬೇರೆ ಇರುತ್ತೆ, ಪ್ಯಾಕೆಟ್ ತಿರುಗಿಸಿ ಪದಾರ್ಥಗಳ ಪಟ್ಟಿ ನೋಡಿದ್ರೆ ಎಷ್ಟೋ ಸಲ ಮೊದಲನೇ ಹೆಸರೇ ಎರಿಥ್ರಿಟಾಲ್. ಪಟ್ಟೀಲಿ ಮೊದಲು ಬರೋದು ಅಂದ್ರೆ ಜಾಸ್ತಿ ಇರೋದು ಅಂತ.

ಇದೇ ಗುಂಪಿನ ಸಾರ್ಬಿಟಾಲ್, ಮಾಲ್ಟಿಟಾಲ್ ಹೊಟ್ಟೆಗೆ ಕೊಡೋ ಕಾಟ ಜನಕ್ಕೆ ಗೊತ್ತೇ ಇಲ್ಲ. ಒಬ್ಬರು ವಾರಗಟ್ಟಲೆ ಲೂಸ್ ಮೋಷನ್ ಅಂತ ಎಲ್ಲಾ ಟೆಸ್ಟ್ ಮಾಡಿಸ್ಕೊಂಡು ನಾರ್ಮಲ್ ರಿಪೋರ್ಟಿನ ಫೈಲ್ ಹಿಡ್ಕೊಂಡು ಬಂದಿದ್ರು. ಮಾತಾಡ್ತಾ ಮಾತಾಡ್ತಾ ಬಾಯಲ್ಲಿ ಏನೋ ಅಗೀತಾನೇ ಇದ್ರು. ಏನದು ಅಂದ್ರೆ ಜೇಬಿಂದ ಶುಗರ್‌ಲೆಸ್ ಚೂಯಿಂಗ್ ಗಮ್ ಡಬ್ಬಿ ತೆಗೆದು ಟೇಬಲ್ ಮೇಲಿಟ್ರು, ಸಿಗರೇಟ್ ಬಿಟ್ಟಿದೀನಿ ಮೇಡಂ, ಇದೇ ಗತಿ ಅಂದ್ರು. ಎಷ್ಟು ಅಂತ ಕೇಳಿದ್ರೆ ದಿನಕ್ಕೊಂದು ಡಬ್ಬಿ ಖಾಲಿ. ಗಮ್ ನಿಲ್ಲಿಸಿದ ಮೇಲೆ ಹೊಟ್ಟೆ ತಾನಾಗೇ ಸರಿಹೋಯ್ತು.

ಶುಗರ್‌ಲೆಸ್ ಬಿಸ್ಕೆಟ್ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ. ಸಕ್ಕರೆ ತೆಗೆದಿರ್ತಾರೆ, ಹಿಟ್ಟು ತೆಗೆದಿರಲ್ಲ, ಹಿಟ್ಟು ಹೊಟ್ಟೇಲಿ ಗ್ಲೂಕೋಸೇ ಆಗೋದು. ಜೇನುತುಪ್ಪ ನೈಸರ್ಗಿಕ ತಾನೇ ಅಂತ ಅದನ್ನ ಸುರ್ಕೊಳ್ಳೋರಿಗೂ ಇದೇ ಉತ್ತರ, ರಕ್ತದ ಶುಗರ್ ವಿಷಯದಲ್ಲಿ ಅದು ಸಕ್ಕರೆಯ ಸಂಬಂಧಿಕನೇ. ಆಸ್ಪರ್ಟೇಮ್‌ನ ಕುದಿಸಬೇಡಿ, ಬೇಕ್ ಮಾಡೋದಕ್ಕೂ ಹಾಕಬೇಡಿ, ಬಿಸಿಗೆ ಒಡೆದು ಸಿಹಿ ಹೋಗಿಬಿಡುತ್ತೆ, ಇಳಿಸಿದ ಮೇಲೆ ಹಾಕಿ. ಮತ್ತೆ ಮನೇಲಿ ನಾಯಿ ಇದ್ರೆ ಜೈಲಿಟಾಲ್ ಅನ್ನೋ ಇನ್ನೊಂದು ಶುಗರ್ ಆಲ್ಕೋಹಾಲ್ ಇರೋ ಗಮ್, ಮಿಠಾಯಿ ಅದರ ಬಾಯಿಗೆ ಸಿಗದ ಹಾಗೆ ಇಡಿ, ಸ್ವಲ್ಪ ತಿಂದ್ರೂ ನಾಯಿಗಳಿಗೆ ಶುಗರ್ ಧಡಕ್ಕನೆ ಇಳಿದು ಜೀವಕ್ಕೇ ಬರುತ್ತೆ.

ಕ್ಯಾನ್ಸರ್ ಚರ್ಚೆಯಲ್ಲಿ ಯಾರೂ ಎತ್ತದ ಒಂದು ಅಪಾಯ ಇದೆ, ನಾನು ಕಣ್ಣಾರೆ ಕಂಡಿರೋದು. ಇನ್ಸುಲಿನ್ ತಗೊಳ್ಳೋ ಕಾಲೇಜ್ ಹುಡುಗ, ಲೋ ಶುಗರ್ ಆಗಿ ಕೈ ನಡುಗೋಕೆ ಶುರುವಾಗಿದೆ, ಬೆವರು, ಗೆಳೆಯರು ಓಡಿಹೋಗಿ ತಂಪು ಪಾನೀಯ ತಂದು ಕುಡಿಸಿದಾರೆ. ಪೂರ್ತಿ ಬಾಟಲಿ ಕುಡಿದ್ರೂ ಶುಗರ್ ಮೇಲೆ ಬರ್ತಾ ಇಲ್ಲ. ನೋಡಿದ್ರೆ ಅದು ಡಯಟ್, "ಅವನಿಗೆ ಶುಗರ್ ಇದೆಯಲ್ಲ ಆಂಟಿ, ಅದಕ್ಕೇ ನೋಡಿ ಡಯಟ್ ತಂದ್ವಿ" ಅಂತ ಪಾಪ ಆ ಹುಡುಗರು ಅವನ ಅಮ್ಮನಿಗೆ ಹೇಳ್ತಿದ್ರು. ಸ್ವೀಟ್ನರ್‌ಗೆ ನಾಲಿಗೇನ ಮೋಸ ಮಾಡೋಕೆ ಬರುತ್ತೆ, ರಕ್ತಕ್ಕೆ ಗ್ಲೂಕೋಸ್ ಕೊಡೋಕೆ ಬರಲ್ಲ. ಹಾಗಾಗಿ ಇನ್ಸುಲಿನ್ ಅಥವಾ ಶುಗರ್ ತೀರಾ ಇಳಿಸಬಹುದಾದ ಮಾತ್ರೆ ತಗೊಳ್ಳೋರು ಬ್ಯಾಗಲ್ಲಿ ನಿಜವಾದ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ಇಟ್ಕೊಳ್ಳಿ, ಜೊತೇಲಿರೋರಿಗೂ ಎಲ್ಲಿದೆ ಅಂತ ತೋರಿಸಿಡಿ. ಮೀಟರಲ್ಲಿ 70ಕ್ಕಿಂತ ಕೆಳಗೆ ಬಂದ್ರೆ 15 ಗ್ರಾಂ ಗ್ಲೂಕೋಸ್, ಅಂದ್ರೆ ಸುಮಾರು ಮೂರು ಚಹಾ ಚಮಚ, ನೀರಲ್ಲಿ ಕಲಸಿ ಕುಡೀರಿ, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ, ಇನ್ನೂ ಏರಿಲ್ಲ ಅಂದ್ರೆ ಅಷ್ಟೇ ಮತ್ತೊಂದು ಸಲ. ಪ್ರಜ್ಞೆ ತಪ್ಪಿದ್ರೆ ಮಾತ್ರ ಬಾಯಿಗೆ ಏನೂ ಹಾಕೋಕೆ ಹೋಗಬೇಡಿ, ಸೀದಾ ಆಂಬುಲೆನ್ಸ್ ಕರೀರಿ.