ಹಲ್ಲಿನ ಬಣ್ಣದ ಫಿಲ್ಲಿಂಗ್: ಕಾಂಪೋಸಿಟ್ ರೆಸಿನ್‌ನ ಬಲ ಮತ್ತು ಮಿತಿ

ಹುಳುಕು ಹಲ್ಲಿಗೆ ಸಿಮೆಂಟ್ ಹಾಕಿಸಿಕೊಂಡೆವು ಎಂದು ನಾವು ಹೇಳುವಾಗ ಇಂದು ಬಹಳಷ್ಟು ಸಲ ಆ ಕುಳಿಯೊಳಗೆ ಹೋಗಿರುವುದು ಕಾಂಪೋಸಿಟ್ ರೆಸಿನ್ ಎಂಬ, ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗುವ ವಸ್ತು. ಹಲ್ಲಿನ ಬಣ್ಣಕ್ಕೇ ಹೊಂದುತ್ತದೆಂದು ಜನ ಅದನ್ನು ಮೆಚ್ಚುತ್ತಾರೆ. ಆದರೆ ಬಣ್ಣಕ್ಕಿಂತ ದೊಡ್ಡ ಗುಣವೆಂದರೆ ಅದನ್ನು ಹಲ್ಲಿಗೆ ಅಂಟಿಸಬಹುದು ಎಂಬುದು; ಅದರ ತೊಂದರೆಗಳಲ್ಲಿ ಹೆಚ್ಚಿನವೂ ಆ ಅಂಟಿನ ಆಸುಪಾಸಿನಲ್ಲೇ ಹುಟ್ಟುತ್ತವೆ.

ಬೆಳ್ಳಿ, ತವರ, ತಾಮ್ರಗಳ ಪುಡಿಯನ್ನು ಹೆಚ್ಚುಕಡಿಮೆ ಅಷ್ಟೇ ತೂಕದ ಪಾದರಸದೊಂದಿಗೆ ಬೆರೆಸಿದ ಹಳೆಯ ಅಮಾಲ್ಗಮ್ ತಾನಾಗಿ ಹಲ್ಲಿಗೆ ಅಂಟುವುದಿಲ್ಲ. ಅದು ಉದುರದಿರಲೆಂದು ವೈದ್ಯರು ಕುಳಿಯನ್ನು ಒಳಗೆ ಅಗಲವಾಗಿಯೂ ಬಾಯಲ್ಲಿ ಕಿರಿದಾಗಿಯೂ ಕೊರೆಯಬೇಕಾಗುತ್ತಿತ್ತು. ಹುಳುಕಿನ ಜೊತೆಗೆ ಒಳ್ಳೆಯ ಹಲ್ಲೂ ಒಂದಿಷ್ಟು ಹೋಗುತ್ತಿತ್ತು. 1955ರಲ್ಲಿ ಅಮೆರಿಕದ ಮೈಕೆಲ್ ಬುವೊನೊಕೋರ್ ಎಂಬ ದಂತವಿಜ್ಞಾನಿ, ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್‌ಗೆ ಫಾಸ್ಫಾರಿಕ್ ಆಮ್ಲ ಸವರಿದರೆ ಅದರ ಮೇಲ್ಮೈ ಸೂಕ್ಷ್ಮವಾಗಿ ಒರಟಾಗಿ, ರೆಸಿನ್ ಅಲ್ಲಿ ಭದ್ರವಾಗಿ ಕಚ್ಚಿಕೊಳ್ಳುತ್ತದೆ ಎಂದು ತೋರಿಸಿಕೊಟ್ಟರು. ಕೆಲವೇ ವರ್ಷಗಳಲ್ಲಿ ಅಮೆರಿಕದವರೇ ಆದ ದಂತಸಂಶೋಧಕ ರಾಫೆಲ್ ಬೊವೆನ್ ಬಿಸ್-ಜಿಎಂಎ ಎಂಬ ರೆಸಿನ್ ರೂಪಿಸಿ 1962ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಇಂದಿನ ಕಾಂಪೋಸಿಟ್ ಒಂದು ಬಗೆಯ ಕಾಂಕ್ರೀಟು: ರೆಸಿನ್ ಸಿಮೆಂಟಿನ ಕೆಲಸ ಮಾಡಿದರೆ ಸಿಲಿಕಾ, ಗಾಜಿನ ಅತಿಸೂಕ್ಷ್ಮ ಕಣಗಳು ಜಲ್ಲಿಯ ಕೆಲಸ ಮಾಡುತ್ತವೆ, ಸಿಲೇನ್ ಎಂಬ ರಾಸಾಯನಿಕ ಇವೆರಡನ್ನೂ ಬೆಸೆಯುತ್ತದೆ.

ಕುರ್ಚಿಯ ಮೇಲೆ ಒರಗಿದವರಿಗೆ ಇದೆಲ್ಲ ಸರಳವಾಗಿ ಕಾಣುತ್ತದೆ. ಸುಮಾರು 37 ಶೇಕಡಾ ಸಾಂದ್ರತೆಯ ಆಮ್ಲದ ಜೆಲ್ ಅನ್ನು ಹದಿನೈದು-ಇಪ್ಪತ್ತು ಸೆಕೆಂಡು ಇಟ್ಟು ತೊಳೆಯುತ್ತಾರೆ. ಆಗ ಎನಾಮೆಲ್ ಸೀಮೆಸುಣ್ಣದಂತೆ ಬಿಳಿಚಿಕೊಳ್ಳುತ್ತದೆ. ಅದರ ಮೇಲೆ ಬಾಂಡಿಂಗ್ ಎಂಬ ಅಂಟು ದ್ರವ ಸವರಿ, ಮೆತ್ತನೆಯ ಕಾಂಪೋಸಿಟ್ಟನ್ನು ಸಾಮಾನ್ಯವಾಗಿ 2 ಮಿಲಿಮೀಟರ್ ದಪ್ಪದ ಪದರಗಳಾಗಿ ತುಂಬುತ್ತ, ಪ್ರತಿ ಪದರಕ್ಕೂ ನೀಲಿ ಬೆಳಕು ಹಾಯಿಸುತ್ತಾರೆ. ಅದರಲ್ಲಿರುವ ಕ್ಯಾಂಫರ್‌ಕ್ವಿನೋನ್ ಎಂಬ ಹಳದಿ ವಸ್ತು ಆ ಬೆಳಕನ್ನು ಹೀರಿಕೊಂಡು ರೆಸಿನ್ ಗಟ್ಟಿಯಾಗುವ ಕ್ರಿಯೆಗೆ ಚಾಲನೆ ಕೊಡುತ್ತದೆ. ದೀಪದ ತುದಿಗೆ ಕಿತ್ತಳೆ ಬಣ್ಣದ ಮರೆ ಇರುವುದು ನೋಡುವವರ ಕಣ್ಣಿನ ರಕ್ಷಣೆಗಾಗಿ.

ಈ ಹಂತಗಳಲ್ಲಿ ಎಲ್ಲಿ ಎಡವಿದರೂ ರೋಗಿಗೆ ತಕ್ಷಣ ಗೊತ್ತಾಗುವುದಿಲ್ಲ. ಆಮ್ಲ ತೊಳೆದ ಮೇಲೆ ಒಂದಿಷ್ಟು ಜೊಲ್ಲೋ ಒಸಡಿನ ರಕ್ತವೋ ತಾಗಿದರೆ ಅಂಟು ದುರ್ಬಲವಾಗುತ್ತದೆ. ಕೊನೆಯ ದವಡೆ ಹಲ್ಲಿನಲ್ಲಿ ದೀಪ ನೇರವಾಗಿ ಹಿಡಿಯಲಾಗದೆ ತಳದ ಪದರಕ್ಕೆ ಬೆಳಕು ಸಾಲದೆ ಹೋದರೆ, ಮೇಲೆ ಕಲ್ಲಿನಂತಿರುವ ಫಿಲ್ಲಿಂಗು ಕೆಳಗೆ ಅರೆಬರೆ ಗಟ್ಟಿಯಾಗಿ ಉಳಿಯುತ್ತದೆ. ಎಲ್ಲವೂ ಸರಿಯಾಗಿ ನಡೆದರೂ ಗಟ್ಟಿಯಾಗುವಾಗ ರೆಸಿನ್ ಗಾತ್ರದಲ್ಲಿ ಶೇಕಡಾ ಎರಡು-ಮೂರರಷ್ಟು ಕುಗ್ಗುತ್ತದೆ. ಆ ಎಳೆತಕ್ಕೆ ಅಂಚು ಬಿಟ್ಟರೆ ಕಣ್ಣಿಗೆ ಕಾಣದ ಸಂದಿನಲ್ಲಿ ಬ್ಯಾಕ್ಟೀರಿಯಾ ಸೇರಿ ಹೊಸ ಹುಳುಕು ಶುರುವಾಗಬಹುದು. ಎನಾಮೆಲ್ ಬಹುಪಾಲು ಖನಿಜವಾದ್ದರಿಂದ ಅಲ್ಲಿ ಅಂಟು ನೆಚ್ಚಿಕೊಳ್ಳುವಂತಿರುತ್ತದೆ. ಅದರಡಿಯ ಡೆಂಟಿನ್‌ನಲ್ಲಿ ನೀರೂ ಕೊಲಾಜೆನ್ ನಾರುಗಳೂ ಇರುವುದರಿಂದ, ಕಾಲ ಕಳೆದಂತೆ ಅಲ್ಲಿನ ಅಂಟು ಸಡಿಲವಾಗುತ್ತ ಹೋಗುತ್ತದೆ.

ಈ ಕಾರಣಕ್ಕೇ ದವಡೆ ಹಲ್ಲುಗಳ ವಿಷಯದಲ್ಲಿ ಅಮಾಲ್ಗಮ್‌ನ ಹೆಸರು ಇನ್ನೂ ಪೂರ್ತಿ ಅಳಿಸಿಲ್ಲ. ಎರಡನ್ನೂ ಹೋಲಿಸಿದ ಪ್ರಯೋಗಗಳನ್ನು ಒಟ್ಟುಗೂಡಿಸಿ ಕಾಕ್ರೇನ್ ಸಂಸ್ಥೆ 2014ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ ಕಾಂಪೋಸಿಟ್ ಕೈಕೊಡುವ ಸಂಭವ ಸುಮಾರು ದುಪ್ಪಟ್ಟಿತ್ತು. ಆ ಪ್ರಯೋಗಗಳಲ್ಲಿ ಬಳಸಿದ ವಸ್ತುಗಳು ಹಳೆಯ ತಲೆಮಾರಿನವು ಎಂಬುದನ್ನೂ ಗಮನಿಸಬೇಕು. ಆದರೂ ಪಾದರಸದಿಂದ ಪರಿಸರಕ್ಕಾಗುವ ಹಾನಿಯನ್ನು ಲೆಕ್ಕಿಸಿ ಐರೋಪ್ಯ ಒಕ್ಕೂಟ, ಕೆಲವು ವಿನಾಯಿತಿಗಳೊಂದಿಗೆ, 2025ರ ಜನವರಿಯಿಂದ ಅಮಾಲ್ಗಮ್ ಬಳಕೆಯನ್ನು ನಿಲ್ಲಿಸಿದೆ. ನನ್ನ ದೃಷ್ಟಿಯಲ್ಲಿ ಚಿಕ್ಕ, ಮಧ್ಯಮ ಕುಳಿಗೆ ಕಾಂಪೋಸಿಟ್ಟೇ ಒಳ್ಳೆಯದು. ಒಸಡಿನ ಕೆಳಗೆ ಇಳಿದ, ತೇವ ತಡೆಯಲಾಗದ ಕುಳಿಗೆ ಬೇರೆ ದಾರಿ ಹುಡುಕುವುದು ಲೇಸು.

ನಮ್ಮ ನಾಡಿನ ಮಟ್ಟಿಗೆ ಎರಡು ವಿಷಯ ವಿಶೇಷ. ಅರಿಶಿನ, ಕಾಫಿ, ಎಲೆಅಡಿಕೆ ಕಾಂಪೋಸಿಟ್‌ಗೆ ಬಣ್ಣ ಹಿಡಿಸುತ್ತವೆ. ಚೆನ್ನಾಗಿ ಪಾಲಿಶ್ ಮಾಡಿದ ಮೇಲ್ಮೈಯಲ್ಲಿ ಕಲೆ ಕಡಿಮೆ. ಇದಕ್ಕಿಂತ ಮುಖ್ಯವಾದದ್ದು ಕೋಲಾರದಂತಹ ಕಡೆಗಳಲ್ಲಿ ಕೊಳವೆಬಾವಿ ನೀರಿನ ಫ್ಲೋರೈಡಿನಿಂದ ಬರುವ ಫ್ಲೋರೋಸಿಸ್. ಅಂಥ ಹಲ್ಲಿನ ಹೊರಪದರ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲವಾದ್ದರಿಂದ, ವೈದ್ಯರು ಆಮ್ಲವನ್ನು ಹೆಚ್ಚು ಹೊತ್ತು ಇಡುತ್ತಾರೆ ಅಥವಾ ಮೇಲ್ಪದರವನ್ನು ತುಸು ಉಜ್ಜಿ ತೆಗೆಯುತ್ತಾರೆ.

ಇನ್ನು ಅಂಚಿನಲ್ಲಿ ಕಂದು ಗೆರೆ ಕಂಡ ಮಾತ್ರಕ್ಕೆ ಫಿಲ್ಲಿಂಗು ಕೆಟ್ಟಿತೆಂದು ತಿಳಿಯಬೇಕಿಲ್ಲ. ಅದು ಬರಿಯ ಕಲೆಯೂ ಆಗಿರಬಹುದು. ಒಳಗೆ ಹುಳುಕು ಹಬ್ಬಿಲ್ಲವೆಂದು ಪರೀಕ್ಷೆಯಿಂದ, ಬೇಕಿದ್ದರೆ ಎಕ್ಸ್-ರೇಯಿಂದ ಖಚಿತವಾದರೆ ಪಾಲಿಶ್ ಮಾಡಿದರೆ ಸಾಕು. ಸಣ್ಣದೊಂದು ಚೂರು ಮುರಿದಿದ್ದರೂ ಹಳೆಯ ಕಾಂಪೋಸಿಟ್ಟನ್ನು ಒರಟು ಮಾಡಿ, ಬಾಂಡಿಂಗ್ ಸವರಿ, ಹೊಸದನ್ನು ಅದರ ಮೇಲೇ ಕೂರಿಸಬಹುದು. ಇಡೀ ಫಿಲ್ಲಿಂಗ್ ಕೊರೆದು ತೆಗೆಯುವ ಪ್ರತಿ ಸಲವೂ ಕುಳಿ ಒಂದಿಷ್ಟು ದೊಡ್ಡದಾಗುವುದರಿಂದ, ತೇಪೆ ಸಾಕೇ ಎಂದು ವೈದ್ಯರನ್ನು ಮೊದಲೇ ಕೇಳಬಹುದು.