ವೇಸ್ಟ್‌ಗೇಟ್‌ಗೆ ಹೇಳುವ ಸುಳ್ಳು

ಗೇರ್ ಬದಲಿಸುವಾಗ ಟರ್ಬೊ ಕಾರಿನಿಂದ ‘ಪ್‌ಶ್’ ಎಂದು ಹೊರಡುವ ಸದ್ದು ವೇಸ್ಟ್‌ಗೇಟ್‌ನದ್ದಲ್ಲ. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಗಿಲು ಮುಚ್ಚಿಕೊಂಡಾಗ ದಾರಿ ಸಿಗದೆ ನಿಂತ ಗಾಳಿಯನ್ನು ಹೊರಗೆ ಬಿಡುವ ಬ್ಲೋ-ಆಫ್ ವಾಲ್ವ್‌ನ ಸದ್ದು ಅದು. ವೇಸ್ಟ್‌ಗೇಟ್ ಇರುವುದು ಎಂಜಿನ್ನಿನ ಇನ್ನೊಂದು ಮಗ್ಗುಲಲ್ಲಿ, ಹೊಗೆ ಹೊರಬೀಳುವ ಕಡೆ. ಟರ್ಬೊ ಮಿತಿ ಮೀರದಂತೆ ಒಂದಷ್ಟು ಹೊಗೆಯನ್ನು ಪಕ್ಕಕ್ಕೆ ಹೊರಳಿಸುವ ಬಾಗಿಲು ಅದು. ಅದಕ್ಕೆ ಕೆಲಸ ಬೀಳುವುದು ಆಕ್ಸಿಲರೇಟರ್ ತುಳಿದಾಗ, ಬಿಟ್ಟಾಗ ಅಲ್ಲ. ಇಷ್ಟು ಗೊತ್ತಿಲ್ಲದೆಯೇ ಎಷ್ಟೋ ಮಂದಿ ಕೆಂಪು, ನೀಲಿ ಬಣ್ಣದ ವೇಸ್ಟ್‌ಗೇಟ್‌ಗಳನ್ನು ತರಿಸಿಕೊಳ್ಳುತ್ತಾರೆ. ಗೇಟ್ ದೊಡ್ಡದಾದಷ್ಟೂ ಪವರ್ ಹೆಚ್ಚು ಎಂಬ ನಂಬಿಕೆ ಬೇರೆ. ವಿಷಯ ಇರುವುದು ತಿರುಗುಮುರುಗಾಗಿ: ದೊಡ್ಡ ಗೇಟ್ ಬೇಕಾಗುವುದು ಒತ್ತಡವನ್ನು ಕಡಿಮೆ ಇಟ್ಟುಕೊಳ್ಳಲು.

ಟರ್ಬೊಗೆ ‘ಸಾಕು’ ಎಂಬುದು ತಿಳಿಯದು. ಹೊಗೆಯ ರಭಸಕ್ಕೆ ಟರ್ಬೈನ್ ತಿರುಗುತ್ತದೆ, ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಕಂಪ್ರೆಸರ್ ಎಂಜಿನ್ನಿಗೆ ಗಾಳಿಯನ್ನು ತುರುಕುತ್ತದೆ. ಗಾಳಿ ಹೆಚ್ಚಿದರೆ ಇಂಧನ ಹೆಚ್ಚು, ಇಂಧನ ಹೆಚ್ಚಿದರೆ ಹೊಗೆ ಹೆಚ್ಚು, ಹೊಗೆ ಹೆಚ್ಚಿದರೆ ಟರ್ಬೈನ್ ಇನ್ನೂ ಜೋರು. ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ದಾಟುವ ಈ ಚಕ್ರಕ್ಕೆ ಲಗಾಮು ಇಲ್ಲದಿದ್ದರೆ ಪಿಸ್ಟನ್ ಕರಗಬೇಕು, ಇಲ್ಲವೇ ಟರ್ಬೊ ಚೂರಾಗಬೇಕು. 1788ರಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ ಜೋಡಿಸಿದ ಎರಡು ಗುಂಡುಗಳ ಗವರ್ನರ್ ಇಂಥದೇ ಲಗಾಮು. ವೇಗ ಏರಿದಂತೆ ಗುಂಡುಗಳು ದೂರ ಸರಿದು ಉಗಿಯ ಬಾಗಿಲನ್ನು ತಾವೇ ಕಿರಿದು ಮಾಡುತ್ತಿದ್ದವು. ಇಂಥ ಯಂತ್ರಗಳು ಕೆಲವೊಮ್ಮೆ ನೆಲೆ ನಿಲ್ಲದೆ ಏಕೆ ತೂಗಾಡುತ್ತವೆ ಎಂಬುದಕ್ಕೆ 1868ರಲ್ಲಿ ಗಣಿತ ಬರೆದವನು ಮ್ಯಾಕ್ಸ್‌ವೆಲ್. ಹೌದು, ವಿದ್ಯುತ್ಕಾಂತ ಅಲೆಗಳ ಮ್ಯಾಕ್ಸ್‌ವೆಲ್ಲೇ. ಟರ್ಬೊ ತುರುಕುವ ಗಾಳಿಯ ಹೆಚ್ಚುವರಿ ಒತ್ತಡವನ್ನು, ಅಂದರೆ ಬೂಸ್ಟನ್ನು, ತೋರಿಸುವ ಮಾಪಕದ ಮುಳ್ಳು ಮೇಲೆ ಕೆಳಗೆ ಆಡುತ್ತಾ ನಿಲ್ಲದೆ ಹೋದಾಗ ಟ್ಯೂನ್ ಮಾಡುವವನು ತಲೆಕೆಡಿಸಿಕೊಳ್ಳುವುದು ಆತ ಬಿಡಿಸಿದ ಲೆಕ್ಕದ ಜೊತೆಗೇ.

ನಮ್ಮಲ್ಲಿ ಕೆರೆ ಕಟ್ಟಿದವರಿಗೆ ಈ ಸಮಸ್ಯೆ ಚೆನ್ನಾಗಿ ಗೊತ್ತಿತ್ತು. ಏರಿ ಎಷ್ಟೇ ಗಟ್ಟಿಯಿರಲಿ, ಕೋಡಿಯಿಲ್ಲದ ಕೆರೆ ಉಳಿಯುವುದಿಲ್ಲ. ಕೋಡಿಯ ಎತ್ತರ ಎಷ್ಟು ನೀರು ನಿಲ್ಲಬೇಕೆಂದು ತೀರ್ಮಾನಿಸುತ್ತದೆ. ಅಗಲವಾದರೋ, ಹುಚ್ಚು ಮಳೆ ಸುರಿದಾಗ ನೀರು ಆ ಎತ್ತರದಲ್ಲೇ ನಿಲ್ಲುತ್ತದೆಯೇ ಎಂಬುದನ್ನು. ಕೋಡಿ ಕಿರಿದಾದರೆ ಅದು ಭೋರ್ಗರೆದು ಹರಿಯುತ್ತಿರುವಾಗಲೇ ಮಟ್ಟ ಏರುತ್ತಾ ಹೋಗಿ ಏರಿ ಒಡೆಯುತ್ತದೆ. ವೇಸ್ಟ್‌ಗೇಟ್‌ನಲ್ಲಿ ವಾಲ್ವನ್ನು ಮುಚ್ಚಿ ಹಿಡಿಯುವ ಸ್ಪ್ರಿಂಗ್ ಎಂದರೆ ಕೋಡಿಯ ಎತ್ತರ, ವಾಲ್ವ್‌ನ ವ್ಯಾಸ ಎಂದರೆ ಅಗಲ. 4000 ಆರ್‌ಪಿಎಂನಲ್ಲಿ 0.6 ಬಾರ್‌ಗೆ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಸಮುದ್ರಮಟ್ಟದ ಗಾಳಿಯ ಒತ್ತಡ) ನಿಂತಿದ್ದ ಬೂಸ್ಟ್, ಗೇಟ್ ಪೂರ್ತಿ ತೆರೆದಿದ್ದರೂ 6500ರ ಹೊತ್ತಿಗೆ 0.9ಕ್ಕೆ ಹತ್ತಿದ್ದರೆ ಕೋಡಿಯ ಅಗಲ ಸಾಲದು ಎಂದರ್ಥ. ಗ್ಯಾರೇಜುಗಳಲ್ಲಿ ಇದನ್ನು ಬೂಸ್ಟ್ ಕ್ರೀಪ್ ಎನ್ನುತ್ತಾರೆ. ಗುರಿ ಕಡಿಮೆಯಿದ್ದಷ್ಟೂ ಟರ್ಬೈನ್‌ಗೆ ಹೋಗದೆ ಪಕ್ಕಕ್ಕೆ ಸರಿಯಬೇಕಾದ ಹೊಗೆ ಹೆಚ್ಚು, ಆದ್ದರಿಂದಲೇ 0.5 ಬಾರ್ ಸಾಕೆನ್ನುವವನಿಗೆ 1.5 ಬಾರ್ ಬೇಕೆನ್ನುವವನಿಗಿಂತ ದೊಡ್ಡ ಗೇಟ್ ಬೇಕು.

ಕೆರೆಗೂ ಇದಕ್ಕೂ ಒಂದೇ ಒಂದು ವ್ಯತ್ಯಾಸವಿದೆ. ಕೋಡಿ ಅಳೆಯುವುದೂ ಹೊರಬಿಡುವುದೂ ಅದೇ ನೀರನ್ನು. ವೇಸ್ಟ್‌ಗೇಟ್ ಅಳೆಯುವುದು ಒಳಬರುವ ಗಾಳಿಯ ಒತ್ತಡವನ್ನು, ಹೊರಬಿಡುವುದು ಹೊಗೆಯನ್ನು. ಸುದ್ದಿ ಈ ಕಡೆಯಿಂದ ಆ ಕಡೆಗೆ ತಲುಪುವುದು ಒಂದು ಸಣ್ಣ ರಬ್ಬರ್ ಕೊಳವೆಯ ಮೂಲಕ. ಸುದ್ದಿಗೊಂದು ದಾರಿ ಇದ್ದ ಮೇಲೆ ಆ ದಾರಿಯಲ್ಲಿ ಸುಳ್ಳು ಸೇರಿಸುವುದೂ ಸಾಧ್ಯ. ಬೂಸ್ಟ್ ಕಂಟ್ರೋಲರ್ ಎಂದು ಪೆಟ್ಟಿಗೆಯಲ್ಲಿ ಹಾಕಿ ಮಾರುವುದೆಲ್ಲ ಈ ಸುಳ್ಳನ್ನೇ.

ಸ್ಪ್ರಿಂಗ್ 0.5 ಬಾರ್‌ನದ್ದು ಎಂದುಕೊಳ್ಳಿ. ಕಂಪ್ರೆಸರ್‌ನಿಂದ ಬರುವ ಗಾಳಿ ವೇಸ್ಟ್‌ಗೇಟ್‌ನೊಳಗಿನ ಬಾಗುವ ಪೊರೆಯಾದ ಡಯಾಫ್ರಮ್ ಅನ್ನು ಅಷ್ಟು ಒತ್ತಡದಲ್ಲಿ ತಳ್ಳಿದರೆ ಗೇಟ್ ತೆರೆಯುತ್ತದೆ. ನಡುವೆ ಒಂದು ಸೊಲೆನಾಯ್ಡ್, ಅಂದರೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಪುಟ್ಟ ವಾಲ್ವ್, ಕೂರಿಸಿ, ಸೆಕೆಂಡಿಗೆ ಇಪ್ಪತ್ತು ಮೂವತ್ತು ಸಲ ಟಕಟಕ ಎನ್ನಿಸುತ್ತಾ ಆ ಗಾಳಿಯ ಒಂದು ಪಾಲನ್ನು ಹೊರಗೆ ಚೆಲ್ಲಿದರೆ, ಎಂಜಿನ್ನಿನಲ್ಲಿ 0.9 ಬಾರ್ ಇದ್ದಾಗಲೂ ಡಯಾಫ್ರಮ್‌ಗೆ 0.5ಕ್ಕಿಂತ ಕಡಿಮೆಯೇ ಕಾಣುತ್ತದೆ. ಅದು ಮುಚ್ಚಿಕೊಂಡೇ ಇರುತ್ತದೆ. ಕೊಳವೆ ಸಿಕ್ಕಿಸಲು ಎರಡು ನಿಪ್ಪಲ್‌ಗಳಿರುವ ವೇಸ್ಟ್‌ಗೇಟ್ ಆದರೆ ಸುಳ್ಳು ಹೇಳುವ ರೀತಿ ಬೇರೆ: ಡಯಾಫ್ರಮ್‌ನ ಮೇಲ್ಭಾಗಕ್ಕೂ ಗಾಳಿ ಕಳಿಸಿ ಸ್ಪ್ರಿಂಗ್‌ಗೆ ಹೆಗಲು ಕೊಡುವುದು. ಹೇಗೇ ಹೇಳಿದರೂ ಸುಳ್ಳಿಗೆ ಮಿತಿಯಿದೆ. ಸ್ಪ್ರಿಂಗ್‌ನ ಎರಡರಷ್ಟಕ್ಕಿಂತ ಮೇಲೆ ಎಳೆದರೆ ಹಿಡಿತ ತಪ್ಪತೊಡಗುತ್ತದೆ ಎಂಬುದು ಈ ಕೆಲಸದವರ ರೂಢಿಯ ಅಂದಾಜು. ಕಂಟ್ರೋಲರ್‌ನಿಂದ ಬೂಸ್ಟ್ ಏರಿಸಬಹುದೇ ಹೊರತು ಸ್ಪ್ರಿಂಗ್‌ಗಿಂತ ಕೆಳಗೆ ಇಳಿಸಲಾಗದು ಎಂಬುದೂ ಇದರಿಂದಲೇ ತಿಳಿಯುತ್ತದೆ. ಆದರೂ ದಪ್ಪ ಸ್ಪ್ರಿಂಗ್ ಹಾಕಿಕೊಂಡು ‘ಕಡಿಮೆ ಮಾಡಿಕೊಡಿ’ ಎಂದು ಬರುವವರಿಗೆ ಕೊರತೆಯಿಲ್ಲ.

ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯುಖಿ ಟರ್ಬೊಗೆ ಪೇಟೆಂಟ್ ಪಡೆದದ್ದು 1905ರಲ್ಲಿ. 1918ರಲ್ಲಿ ಸ್ಯಾನ್‌ಫರ್ಡ್ ಮಾಸ್ ಲಿಬರ್ಟಿ ವಿಮಾನ ಎಂಜಿನ್ನನ್ನು ಲಾರಿಯ ಮೇಲೆ ಹೇರಿಕೊಂಡು ಕೊಲರಾಡೊದ ಪೈಕ್ಸ್ ಪೀಕ್‌ಗೆ, 14,000 ಅಡಿಯ ಮೇಲಕ್ಕೆ, ಹೊತ್ತೊಯ್ದ. ತೆಳ್ಳನೆ ಗಾಳಿಯಲ್ಲಿ ಸೊರಗಿದ ಎಂಜಿನ್ ಟರ್ಬೊದಿಂದ ಸಮುದ್ರಮಟ್ಟದ ತ್ರಾಣ ಮರಳಿ ಪಡೆಯಿತು. ಅಂದರೆ ವೇಸ್ಟ್‌ಗೇಟ್‌ನ ಮೊದಲ ಮನೆ ವಿಮಾನ: ನೆಲದ ಹತ್ತಿರ ತೆರೆದಿದ್ದು, ಮೇಲೇರಿದಂತೆ ಮುಚ್ಚಿಕೊಳ್ಳುತ್ತಾ ಹೋಗುವುದು. ಕಾರಿಗೆ ಅದು ಬಂದದ್ದು 1962ರಲ್ಲಿ. ಅದೇ ವರ್ಷ ಅಮೆರಿಕದಲ್ಲಿ ಬಂದ ಎರಡು ಟರ್ಬೊ ಕಾರುಗಳಲ್ಲಿ ಷೆವ್ರೊಲೆ ಕೊರ್ವೇರ್‌ಗೆ ವೇಸ್ಟ್‌ಗೇಟ್ ಇರಲಿಲ್ಲ. ಸೈಲೆನ್ಸರ್‌ನ ಅಡಚಣೆಯೇ ಅದರ ಲಗಾಮು. ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್‌ಗೆ ಇತ್ತು, ಜೊತೆಗೆ ನಾಕಿಂಗ್ (ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ತಾನೇ ಸಿಡಿದು ಎಂಜಿನ್ ಬಡಿದುಕೊಳ್ಳುವುದು) ತಡೆಯಲು ನೀರು-ಮೆಥನಾಲ್ ಬೆರೆಸಿದ ದ್ರವದ ತೊಟ್ಟಿಯೂ ಇತ್ತು. ಆ ತೊಟ್ಟಿಯನ್ನು ತುಂಬಿಸುವ ತಾಳ್ಮೆ ಮಾಲೀಕರಿಗೆ ಇರಲಿಲ್ಲ.

ನನ್ನ ಮೆಚ್ಚುಗೆ ಮಾತ್ರ ಸ್ವೀಡನ್ನಿನ ಸಾಬ್ ಕಂಪನಿಯವರಿಗೆ. 1977ರಲ್ಲಿ ತೋರಿಸಿದ 99 ಟರ್ಬೊದಲ್ಲಿ ಅವರು ಬೇಗ ಉಸಿರೆಳೆಯುವ ಸಣ್ಣ ಟರ್ಬೊ ಇಟ್ಟು, ಮೇಲಿನ ವೇಗದಲ್ಲಿ ಉಳಿಕೆಯಾದದ್ದನ್ನು ವೇಸ್ಟ್‌ಗೇಟ್‌ಗೆ ಚೆಲ್ಲಲು ಬಿಟ್ಟರು. 1980ರ ದಶಕದ ಆರಂಭದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಎಂಜಿನ್ನಿನ ಬ್ಲಾಕ್‌ಗೆ ನಾಕಿಂಗ್ ಆಲಿಸುವ ಸೆನ್ಸರ್ ಅಂಟಿಸಿದರು. ನಾಕಿಂಗ್ ಕೇಳಿಸುವವರೆಗೆ ಸೊಲೆನಾಯ್ಡ್ ಸುಳ್ಳು ಹೇಳುತ್ತದೆ, ಕೇಳಿಸಿದ ಕೂಡಲೇ ನಿಜ ಹೇಳಿ ಗೇಟ್ ತೆರೆಸುತ್ತದೆ. ಹೀಗಾಗಿ ಕಳಪೆ ಪೆಟ್ರೋಲ್ ಹಾಕಿದರೆ ಕಾರು ಸ್ವಲ್ಪ ನಿಧಾನವಾಗುತ್ತಿತ್ತು, ಎಂಜಿನ್ ಉಳಿಯುತ್ತಿತ್ತು. ಇಂದಿನ ಕಂಟ್ರೋಲರ್‌ಗಳಲ್ಲಿ ಬಹುಪಾಲು ಇದೇ ಆಲೋಚನೆಯ ಮರಿಗಳು.

ಈಗ ಜೋಡಣೆ. ಹೊರಗಿನ ವೇಸ್ಟ್‌ಗೇಟ್, ಅಂದರೆ ಟರ್ಬೊದೊಳಗೆ ಸೇರಿರದ ಬಿಡಿ ಗೇಟ್, ಹಾಕಬೇಕಾದರೆ ಸಿಲಿಂಡರ್‌ಗಳ ಹೊಗೆಯನ್ನು ಕೂಡಿಸುವ ಮ್ಯಾನಿಫೋಲ್ಡ್‌ಗೆ ಕವಲು ಕೊಳವೆ ಬೆಸೆಯಬೇಕು. ಎಲ್ಲಿ ಬೆಸೆಯುತ್ತೇವೆ ಎಂಬುದರ ಮೇಲೆ ಅರ್ಧ ಫಲಿತಾಂಶ ನಿಂತಿದೆ. ಎಲ್ಲ ಸಿಲಿಂಡರ್‌ಗಳ ಹೊಗೆ ಕೂಡಿದ ಮೇಲೆ, ಟರ್ಬೈನ್‌ಗೆ ಮೊದಲು, ಹರಿವಿನ ದಿಕ್ಕಿಗೆ ಓರೆಯಾಗಿ. ಜಾಗ ಸಿಕ್ಕಿತೆಂದು ಒಂದೇ ಸಿಲಿಂಡರ್‌ನ ಕೊಳವೆಗೆ ನೆಟ್ಟಗೆ ತೊಂಬತ್ತು ಡಿಗ್ರಿಯಲ್ಲಿ ಬೆಸೆದರೆ ಹೊಗೆ ಅತ್ತ ಹೊರಳುವುದೇ ಇಲ್ಲ, ಟರ್ಬೈನ್‌ನತ್ತಲೇ ನುಗ್ಗುತ್ತದೆ. ಆಗ ಗೇಟ್ ಎಷ್ಟು ದೊಡ್ಡದಾದರೂ ಕ್ರೀಪ್ ತಪ್ಪದು.

ಡಬ್ಬಿಯ ಮೇಲೆ ಬರೆದ ಸ್ಪ್ರಿಂಗ್‌ನ ಅಂಕಿಯನ್ನೂ ವೇದವಾಕ್ಯವೆಂದು ನಂಬಬಾರದು. 60 ಮಿ.ಮೀ. ವ್ಯಾಸದ ಡಯಾಫ್ರಮ್ ಮೇಲೆ 0.7 ಬಾರ್ ಬಿದ್ದರೆ ಸುಮಾರು 200 ನ್ಯೂಟನ್ ಬಲ. ಆದರೆ 38 ಮಿ.ಮೀ. ವಾಲ್ವ್‌ನ ಮುಖವನ್ನು ಹೊಗೆಯೂ ತಳ್ಳುತ್ತಿರುತ್ತದೆ. ಮ್ಯಾನಿಫೋಲ್ಡ್‌ನಲ್ಲಿ 1.5 ಬಾರ್ ಇದ್ದರೆ ಆ ಬಲ 170 ನ್ಯೂಟನ್, ಅಂದರೆ ಡಯಾಫ್ರಮ್‌ನ ಬಲಕ್ಕೆ ಹತ್ತಿರ ಹತ್ತಿರ ಸಮ. ಟರ್ಬೈನ್ ಬದಲಾಯಿತೆಂದರೆ ಈ ಲೆಕ್ಕವೂ ಬದಲು. ಒಬ್ಬರ ಕಾರಿನಲ್ಲಿ 0.7 ಕೊಟ್ಟ ಸ್ಪ್ರಿಂಗ್ ಇನ್ನೊಬ್ಬರಲ್ಲಿ 0.6 ಕೊಟ್ಟರೆ ಸ್ಪ್ರಿಂಗ್ ನಕಲಿ ಎಂದು ಜಗಳಕ್ಕೆ ಹೋಗಬೇಕಾಗಿಲ್ಲ.

ರಬ್ಬರ್ ಕೊಳವೆಯ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಡಯಾಫ್ರಮ್‌ನ ಕೆಳಭಾಗಕ್ಕೆ ಹೋಗುವ ಕೊಳವೆ ಕಂಪ್ರೆಸರ್‌ನ ಬಾಯಿಂದಲೇ ನೇರ ಬರಬೇಕು. ಅದಕ್ಕೆ T ಆಕಾರದ ಕವಲು ಹಾಕಿ ಮಾಪಕಕ್ಕೋ ಬ್ಲೋ-ಆಫ್ ವಾಲ್ವ್‌ಗೋ ಪಾಲು ಕೊಡಬಾರದು, ಕೆಂಪಗೆ ಕಾಯುವ ಮ್ಯಾನಿಫೋಲ್ಡ್‌ನ ಪಕ್ಕದಲ್ಲಿ ಎಳೆಯಬಾರದು. ಆ ಕೊಳವೆ ಕಳಚಿದರೆ ಗೇಟ್‌ಗೆ ಯಾವ ಸುದ್ದಿಯೂ ತಲುಪದು. ಅದು ಮುಚ್ಚಿಕೊಂಡು ಕೂತಿರುವಾಗ ಬೂಸ್ಟ್ ಆಕಾಶಕ್ಕೆ ಏರುತ್ತದೆ. ಮೇಲ್ಭಾಗದ ಕೊಳವೆ ಕಳಚಿದರೆ ಆಗುವುದು ಇಷ್ಟೇ, ಬೂಸ್ಟ್ ಸ್ಪ್ರಿಂಗ್‌ನ ಮಟ್ಟಕ್ಕೆ ಇಳಿಯುತ್ತದೆ. ಎರಡು ಕೊಳವೆಗಳೂ ನೋಡಲು ಒಂದೇ ಥರ ಇದ್ದರೂ ಒಂದು ಕೊಲ್ಲುತ್ತದೆ, ಇನ್ನೊಂದು ಕಾಯುತ್ತದೆ. ಹೊಸ ಕಾರಿನ ಚಕ್ರದಡಿ ನಿಂಬೆಹಣ್ಣು ಇಡುವುದನ್ನು ಎಂದೂ ಮರೆಯದ ನಮ್ಮ ಜನ, ಆ ಹಣ್ಣಿನ ಬೆಲೆಗೆ ಸಿಗುವ ಹೋಸ್ ಕ್ಲಿಪ್ ಹಾಕುವುದನ್ನು ಮರೆಯುತ್ತಾರೆ.

ಊರಿನ ಎತ್ತರವೂ ಈ ಲೆಕ್ಕದಲ್ಲಿ ಬರುತ್ತದೆ. ಸ್ಪ್ರಿಂಗ್ ಅಳೆಯುವುದು ಸುತ್ತಲಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ. ಮಂಗಳೂರಿನಲ್ಲಿ 1.01 ಬಾರ್‌ನ ಮೇಲೆ 0.7 ಸೇರಿ 1.71 ಆದರೆ, ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 0.91ರ ಮೇಲೆ 0.7 ಸೇರಿ 1.61. ಅಲ್ಲೂ 1.71 ಬೇಕೆಂದು ಕಂಟ್ರೋಲರ್ ಹಟ ಹಿಡಿದರೆ ಟರ್ಬೊ ಹೆಚ್ಚು ತಿರುಗಬೇಕು, ಗಾಳಿ ಹೆಚ್ಚು ಕಾಯಬೇಕು. ಕಾವಿನ ಲೆಕ್ಕ ಸಣ್ಣದಲ್ಲ. 30 ಡಿಗ್ರಿಯ ಗಾಳಿಯನ್ನು ಎರಡರಷ್ಟು ಒತ್ತಡಕ್ಕೆ ಹಿಂಡಿದರೆ, ಶೇ. 70ರ ದಕ್ಷತೆಯ ಕಂಪ್ರೆಸರ್‌ನಿಂದ ಅದು ಹೊರಬರುವುದು ಸುಮಾರು 125 ಡಿಗ್ರಿಯಲ್ಲಿ. ಒಂದೂವರೆಯಷ್ಟಕ್ಕೆ ನಿಲ್ಲಿಸಿದರೆ 83ರ ಆಸುಪಾಸಿನಲ್ಲಿ. ಈ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಯೋಗ್ಯತೆ ನೋಡದೆ ಬೂಸ್ಟ್ ಏರಿಸುವವರು ಎಂಜಿನ್ನಿಗೆ ತುಂಬುತ್ತಿರುವುದು ಬಿಸಿಗಾಳಿಯನ್ನು, ನಾಕಿಂಗ್‌ಗೆ ಬೇಕಾಗಿರುವುದೂ ಅದೇ.

ರಸ್ತೆಗೆ ಇಳಿಸುವ ಮೊದಲು ಕೈಪಂಪಿನಿಂದ ಗಾಳಿ ಹಾಕಿ ವಾಲ್ವ್ ಯಾವ ಒತ್ತಡಕ್ಕೆ ಮಿಸುಕುತ್ತದೆ ಎಂದು ಮಾಪಕದಲ್ಲಿ ನೋಡಬೇಕು. ಪಂಪ್ ನಿಲ್ಲಿಸಿದ ಮೇಲೆ ಮುಳ್ಳು ನಿಧಾನವಾಗಿ ಇಳಿಯುತ್ತಿದ್ದರೆ ಡಯಾಫ್ರಮ್ ಸೋರುತ್ತಿದೆ. ಮೊದಲ ಓಟವನ್ನು ಕಂಟ್ರೋಲರ್‌ನ ಸಂಪರ್ಕ ತಪ್ಪಿಸಿ, ಬರೀ ಸ್ಪ್ರಿಂಗ್‌ನ ಮೇಲೆ, ಕಾರನ್ನು ನಿಂತಲ್ಲೇ ಓಡಿಸಿ ಅಳೆಯುವ ಡೈನೊ ಯಂತ್ರದಲ್ಲೇ ಮಾಡಬೇಕು. ಸಾರ್ವಜನಿಕ ರಸ್ತೆ ಇದಕ್ಕೆ ಜಾಗವಲ್ಲ, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕೂಡ ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡನ್ನು ಒಪ್ಪುವುದಿಲ್ಲ. ಬೂಸ್ಟ್‌ನ ಗೆರೆ ಮೇಲಿನ ವೇಗದವರೆಗೂ ಸಮತಟ್ಟಾಗಿ ನಿಂತರೆ ಮಾತ್ರ ಸೊಲೆನಾಯ್ಡ್‌ಗೆ ಮಾತನಾಡಲು ಬಿಡಬಹುದು, ಅದೂ ಅದು ತೆರೆದಿರುವ ಹೊತ್ತನ್ನು ಒಂದು ಸಲಕ್ಕೆ ಶೇಕಡ ನಾಲ್ಕೈದರಂತೆ ಏರಿಸುತ್ತಾ. ಗೆರೆ ಕೊನೆಯಲ್ಲಿ ಮೇಲಕ್ಕೆ ಬಾಗುತ್ತಿದ್ದರೆ ಕಂಟ್ರೋಲರ್‌ನ ಗುಂಡಿಗಳನ್ನು ಎಷ್ಟು ತಿರುವಿದರೂ ಪ್ರಯೋಜನವಿಲ್ಲ. ಮ್ಯಾನಿಫೋಲ್ಡ್ ಬಿಚ್ಚಿ ಕವಲು ಕೊಳವೆಯನ್ನು ಮತ್ತೆ ಬೆಸೆಯಬೇಕು.