ಹಾರುವ ನೊಣ ಬಿಡಿ, ಹುಳ ಎಲ್ಲಿದೆ ಹೇಳಿ

ಕೀಟ ಹತೋಟಿಯ ಕೆಲಸದಲ್ಲಿರುವ ನನಗೆ ಬರುವ ಕರೆಗಳಲ್ಲಿ ನೊಣದ ದೂರು ಜಾಸ್ತಿ. ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: ‘ನೊಣ ತುಂಬಾ ಆಗಿದೆ, ಯಾವ ಔಷಧಿ ಹೊಡೀಬೇಕು?’ ನಾನು ತಿರುಗಿ ಕೇಳುವುದೂ ಒಂದೇ: ‘ಯಾವ ನೊಣ?’ ಇದಕ್ಕೆ ಬರುವ ಉತ್ತರ ‘ಮಾಮೂಲಿ ನೊಣ’.

ಈ ‘ಮಾಮೂಲಿ’ ಹೆಸರಿನಡಿ ಏಳೆಂಟು ಬಗೆಯ ನೊಣ ಸಿಗುತ್ತವೆ. ಒಂದು ಮೋರಿ ಪೈಪಿನ ಲೋಳೆಯಲ್ಲಿ ಬೆಳೆದದ್ದು. ಇನ್ನೊಂದು ಹೂಕುಂಡದ ಮಣ್ಣಿನಲ್ಲಿ. ಮತ್ತೊಂದು ಅಟ್ಟದ ಮೂಲೆಯಲ್ಲಿ ಸತ್ತುಬಿದ್ದ ಇಲಿಯ ಮೈಯಲ್ಲಿ. ಹುಟ್ಟಿದ ಜಾಗ ಬೇರೆ ಆದರೆ ಮಾಡಬೇಕಾದ ಕೆಲಸವೂ ಬೇರೆ. ಅದಕ್ಕೇ ನಾನು ಔಷಧಿಯ ಹೆಸರು ಹೇಳುವ ಮೊದಲು ಒಂದೆರಡು ನೊಣ ಹಿಡಿದಿಡಿ ಅನ್ನುತ್ತೇನೆ. ಜಜ್ಜಬೇಡಿ, ಸುಮ್ನೆ ಒಂದು ಡಬ್ಬಿಯಲ್ಲಿ ಹಾಕಿಡಿ. ರೆಕ್ಕೆ ಬರುವ ಮುಂಚಿನ ಅದರ ಹುಳ ಕಂಡರೆ ಇನ್ನೂ ಒಳ್ಳೆಯದು.

ನೊಣಕ್ಕೆ ರೆಕ್ಕೆ ಎರಡೇ. ಜೇನು, ಕಣಜ, ಚಿಟ್ಟೆ, ಏರೋಪ್ಲೇನ್ ಚಿಟ್ಟೆ ಎಲ್ಲಕ್ಕೂ ನಾಲ್ಕು. ನೊಣದ ಹಿಂದಿನ ಎರಡು ರೆಕ್ಕೆಗಳು ಗುಂಡುತಲೆಯ ಪುಟ್ಟ ಕಡ್ಡಿಗಳಾಗಿ ಬದಲಾಗಿವೆ. ಹಾರುವಾಗ ಅವು ರೆಕ್ಕೆಯ ಜೊತೆಗೇ ಅದುರುತ್ತಾ, ಮೈ ಎತ್ತ ತಿರುಗಿತು, ಎಷ್ಟು ವಾಲಿತು ಎಂಬುದನ್ನು ನೊಣಕ್ಕೆ ತಿಳಿಸುತ್ತವೆ. ನಮ್ಮ ಕೈಯೇಟಿನಿಂದ ಅದು ಗಾಳಿಯಲ್ಲೇ ತಿರುಗಿ ಪಾರಾಗುವುದರಲ್ಲಿ ಈ ಕಡ್ಡಿಗಳ ಪಾಲು ದೊಡ್ಡದು. ಹೀಗೆ ಎರಡೇ ರೆಕ್ಕೆ ಇರುವ ಕೀಟಗಳನ್ನೆಲ್ಲ ಒಂದು ಗುಂಪಿಗೆ ಸೇರಿಸಿದ್ದಾರೆ. ಹೆಸರಿಟ್ಟಿರುವ ಜಾತಿಗಳೇ ಒಂದೂವರೆ ಲಕ್ಷದ ಆಸುಪಾಸಿನಲ್ಲಿವೆ. ಸೊಳ್ಳೆ, ನುಸಿ, ಗುಂಗುರು ಎಲ್ಲವೂ ಇದೇ ಗುಂಪಿನವು.

ಇನ್ನೊಂದು ತಪ್ಪು ತಿಳಿವಳಿಕೆ ಇಲ್ಲೇ ಮುಗಿಸಿಬಿಡೋಣ. ಸಣ್ಣ ನೊಣ ದೊಡ್ಡ ನೊಣದ ಮರಿಯಲ್ಲ. ರೆಕ್ಕೆ ಬಂದ ಮೇಲೆ ನೊಣ ಬೆಳೆಯುವುದೇ ಇಲ್ಲ. ಬೆಳವಣಿಗೆ ಪೂರ್ತಿ ಹುಳವಾಗಿದ್ದಾಗಲೇ ಆಗಿಹೋಗಿರುತ್ತದೆ. ಒಂದೇ ಜಾತಿಯಲ್ಲಿ ಒಂದು ನೊಣ ಗಿಡ್ಡ, ಇನ್ನೊಂದು ದಪ್ಪ ಕಂಡರೆ, ಗಿಡ್ಡದ್ದಕ್ಕೆ ಹುಳವಾಗಿದ್ದಾಗ ಹೊಟ್ಟೆ ತುಂಬಿರಲಿಕ್ಕಿಲ್ಲ, ಅಷ್ಟೇ.

ಮನೆನೊಣದಿಂದಲೇ ಶುರು ಮಾಡೋಣ. ಬೂದು ಬಣ್ಣ, ಎದೆಯ ಮೇಲೆ ಉದ್ದಕ್ಕೆ ನಾಲ್ಕು ಕಪ್ಪು ಪಟ್ಟೆ. ಹೆಣ್ಣು ಒಂದು ಸಲಕ್ಕೆ ನೂರರಷ್ಟು ಮೊಟ್ಟೆ ಇಡುತ್ತದೆ, ಬದುಕಿರುವಷ್ಟು ಕಾಲದಲ್ಲಿ ಹಲವು ಸಲ ಇಡುತ್ತದೆ. ಮೊಟ್ಟೆ ಬಿಳಿ, ಉದ್ದ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ತೇವ ಬಿಟ್ಟರೆ ಒಣಗಿ ಸಾಯುತ್ತದೆ. ಅದಕ್ಕೇ ತಾಯಿ ಅದನ್ನು ಹಸಿ ಸಗಣಿ, ಕೋಳಿಗೊಬ್ಬರ, ಕೊಳೆಯುವ ಕಸದ ಸಂದಿಗಳಲ್ಲಿ ಇಡುತ್ತದೆ. ಬೇಸಿಗೆಯಲ್ಲಿ ಒಂದು ದಿನದೊಳಗೆ ಹುಳ ಹೊರಗೆ ಬರುತ್ತದೆ.

ಮಾಂಸ ಕೊಳೆತರೆ ಹುಳ ತಾನಾಗೇ ಹುಟ್ಟುತ್ತದೆ ಎಂದು ಶತಮಾನಗಳ ಕಾಲ ನಂಬಿದ್ದರು. 1668ರಲ್ಲಿ ಇಟಲಿಯ ಫ್ರಾನ್ಸೆಸ್ಕೊ ರೆಡಿ ಎಂಬ ವೈದ್ಯ ಕೆಲವು ಪಾತ್ರೆಗಳ ಬಾಯಿ ಮುಚ್ಚಿ, ಕೆಲವನ್ನು ತೆರೆದಿಟ್ಟು ನೋಡಿದ. ನೊಣ ಕೂರಲು ಆದ ಮಾಂಸದಲ್ಲಿ ಮಾತ್ರ ಹುಳ ಬಂತು. ‘ಕಸ ಇತ್ತಲ್ಲ, ಹುಳ ಆಯ್ತು’ ಎಂದು ಇಂದಿಗೂ ಹೇಳುವವರಿದ್ದಾರೆ. ಕಸದಿಂದ ಹುಳ ಆಗುವುದಿಲ್ಲ, ಮುಚ್ಚದ ಕಸದಲ್ಲಿ ಆಗುತ್ತದೆ.

ಈ ಹುಳಕ್ಕೆ ಕಾಲಿಲ್ಲ, ಕಣ್ಣಿಲ್ಲ, ಎದ್ದು ಕಾಣುವ ತಲೆಯೂ ಇಲ್ಲ. ಚೂಪಾದ ತುದಿಯಲ್ಲಿ ಎರಡು ಕಪ್ಪು ಕೊಕ್ಕೆ ಇರುತ್ತವೆ. ಅವೇ ಬಾಯಿ, ಅವುಗಳಿಂದಲೇ ಎಳೆದುಕೊಂಡು ಮುಂದೆ ಸಾಗುತ್ತದೆ. ಮೊಂಡಾದ ಹಿಂಭಾಗದಲ್ಲಿ ಎರಡು ಕಪ್ಪು ಚುಕ್ಕೆ ಕಾಣುತ್ತವೆ. ಅವು ಕಣ್ಣು ಅಂದುಕೊಂಡು ಹುಳವನ್ನು ತಿರುವುಮುರುವು ನೋಡುವವರೇ ಜಾಸ್ತಿ. ಅವು ಉಸಿರಾಡುವ ರಂಧ್ರಗಳು. ತಲೆಯನ್ನು ಊಟದಲ್ಲಿ ಮುಳುಗಿಸಿಕೊಂಡೇ ಹಿಂದಿನಿಂದ ಉಸಿರಾಡಬಹುದು, ಎಂಥ ಏರ್ಪಾಡು ನೋಡಿ. ನಮಗಂತೂ ಆ ಚುಕ್ಕೆಗಳು ದೊಡ್ಡ ಉಪಕಾರಿ. ಸೂಕ್ಷ್ಮದರ್ಶಕದಲ್ಲಿ ಅವುಗಳೊಳಗಿನ ಸೀಳುಗಳು ಮನೆನೊಣದಲ್ಲಿ ಅಂಕುಡೊಂಕು, ಹಸಿರು ನೊಣದಲ್ಲಿ ನೇರ. ಹುಳ ನೋಡಿಯೇ ಜಾತಿ ಹೇಳಲು ಇದು ಸಾಕಾಗುತ್ತದೆ.

ಹುಳ ಎರಡು ಸಲ ಚರ್ಮ ಕಳಚಿ, ನಾಲ್ಕರಿಂದ ಏಳು ದಿನ ತಿಂದು ಬೆಳೆಯುತ್ತದೆ. ಆಮೇಲೆ ಒಂದು ಕೆಲಸ ಮಾಡುತ್ತದೆ, ಅದನ್ನು ಗಮನಿಸುವವರು ಕಡಿಮೆ. ಊಟ ಬಿಟ್ಟು ಎದ್ದು ಹೊರಡುತ್ತದೆ. ಇಷ್ಟು ದಿನ ಹಸಿ ಜಾಗ ಬೇಕಿತ್ತು, ಈಗ ಒಣ ಜಾಗ ಬೇಕು. ತಿಪ್ಪೆಯ ಅಂಚು, ಗೋಡೆಯ ಬುಡ, ನೆಲಹಾಸಿನ ಅಡಿ, ಸಡಿಲ ಮಣ್ಣು. ಅಲ್ಲಿ ಮೈ ಕುಗ್ಗಿಸಿಕೊಂಡು ನಿಲ್ಲುತ್ತದೆ. ಅದರ ಕೊನೆಯ ಚರ್ಮವೇ ಗಟ್ಟಿಯಾಗಿ ಕೋಶ ಆಗುತ್ತದೆ. ಬಣ್ಣ ಮೊದಲು ಹಳದಿ, ಆಮೇಲೆ ಕೆಂಪು, ಕೊನೆಗೆ ಕಡುಕಂದು. ತಿಪ್ಪೆಯ ನಡುವೆ ಮಾತ್ರ ಕೆದಕಿ ‘ಏನೂ ಇಲ್ಲ’ ಎಂದು ಬರುವವರು ಅಂಚು ನೋಡಿರುವುದಿಲ್ಲ. ಸಾವಿರಾರು ಕೋಶ ಅಲ್ಲೇ ಕೂತಿರುತ್ತವೆ.

ಕೋಶದೊಳಗೆ ಹುಳದ ಹಳೆಯ ಅಂಗಗಳು ಬಹುಪಾಲು ಕರಗಿ, ಕಾಲು, ರೆಕ್ಕೆ, ಕಣ್ಣು ಹೊಸದಾಗಿ ರೂಪುಗೊಳ್ಳುತ್ತವೆ. ಬಿಸಿ ವಾತಾವರಣದಲ್ಲಿ ಇದಕ್ಕೆ ಮೂರರಿಂದ ಆರು ದಿನ. ಹೊರಬರುವಾಗ ನೊಣದ ಹಣೆಯಿಂದ ಒಂದು ಚೀಲ ಬಲೂನಿನ ಹಾಗೆ ಉಬ್ಬಿ ಕೋಶದ ಮುಚ್ಚಳ ತಳ್ಳುತ್ತದೆ. ಕೆಲಸ ಮುಗಿದ ಮೇಲೆ ಚೀಲ ತಲೆಯೊಳಗೆ ಹೋಗುತ್ತದೆ, ಮತ್ತೆಂದೂ ಹೊರಗೆ ಬರುವುದಿಲ್ಲ. ಆಗಷ್ಟೇ ಬಂದ ನೊಣ ಮೆತ್ತಗೆ, ಪೇಲವ ಬಣ್ಣದಲ್ಲಿ, ಮುದುಡಿದ ರೆಕ್ಕೆ ಹೊತ್ತು ನೆಲದಲ್ಲಿ ಓಡಾಡುತ್ತಿರುತ್ತದೆ. ಹಾಗೆ ಓಡುವ ನೊಣಗಳು ಕಂಡರೆ ಹುಟ್ಟುವ ಜಾಗ ಹತ್ತಿರದಲ್ಲೇ ಇದೆ ಎಂದು ತಿಳಿಯಿರಿ.

ಎಲ್ಲ ಸೇರಿದರೆ ಮೊಟ್ಟೆಯಿಂದ ನೊಣದವರೆಗೆ ಬೇಸಿಗೆಯಲ್ಲಿ 7ರಿಂದ 10 ದಿನ. ಚಳಿಯಲ್ಲಿ ಒಂದೂವರೆ ತಿಂಗಳೂ ಹಿಡಿಯಬಹುದು. ಗೊಬ್ಬರವನ್ನು ಹದಿನೈದು ದಿನಕ್ಕೊಮ್ಮೆ ತೆಗೆಸುವ ಕೊಟ್ಟಿಗೆಗೆ ನೊಣ ತಪ್ಪುವುದಿಲ್ಲ, ಅಷ್ಟರಲ್ಲಿ ಒಂದು ತಲೆಮಾರು ಹಾರಿಹೋಗಿರುತ್ತದೆ. ವಾರಕ್ಕೆ ಎರಡು ಸಲ ತೆಗೆದರೆ ಹುಳಗಳು ಕೋಶ ಆಗುವ ಮೊದಲೇ ಜಾಗ ಬಿಡಬೇಕಾಗುತ್ತದೆ. ಔಷಧಿ ಹೊಡೆದರೆ ಹಾರುವವು ಬೀಳುತ್ತವೆ, ನಿಜ. ಕೋಶದೊಳಗಿನವಕ್ಕೆ ಬಹುಮಟ್ಟಿಗೆ ಏನೂ ಆಗುವುದಿಲ್ಲ. ಎರಡು ದಿನ ಬಿಟ್ಟು ಹೊಸ ಗುಂಪು ಬಂದಾಗ ‘ಔಷಧಿ ನಕಲಿ’ ಎಂಬ ದೂರು ಬರುತ್ತದೆ. ಇನ್ನೊಂದು ತೊಂದರೆಯೂ ಇದೆ. ಡಿಡಿಟಿ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ, 1940ರ ದಶಕ ಮುಗಿಯುವ ಮುನ್ನವೇ, ಅದಕ್ಕೆ ಜಗ್ಗದ ಮನೆನೊಣಗಳು ಕಾಣಿಸಿಕೊಂಡವು. ಆಮೇಲೆ ಬಂದ ಎಷ್ಟೋ ಔಷಧಿಗಳ ಕತೆಯೂ ಅದೇ.

ಇಷ್ಟೆಲ್ಲ ಮನೆನೊಣದ ಮಾತು. ಬಚ್ಚಲು ಗೋಡೆಯ ಮೇಲೆ ಮೈತುಂಬ ಕೂದಲಿನ, ಹೃದಯದಾಕಾರದ ರೆಕ್ಕೆಯ ಪುಟ್ಟ ಕೀಟ ಕೂತಿದ್ದರೆ ಅದು ಮೋರಿ ನೊಣ. ಪತಂಗ ಅಂದುಕೊಳ್ಳುತ್ತಾರೆ. ಅದರ ಹುಳ ಪೈಪಿನ ಒಳಗೋಡೆಗೆ ಅಂಟಿದ ಲೋಳೆಯಲ್ಲಿರುತ್ತದೆ. ಕುದಿನೀರು, ಬ್ಲೀಚ್ ಸುರಿದರೆ ಲೋಳೆಯ ಮೇಲಿಂದ ಹರಿದುಹೋಗುತ್ತದೆ. ಒಳಗಿನ ಹುಳ ಆರಾಮಾಗಿರುತ್ತದೆ. ಉದ್ದ ಬ್ರಷ್ ಹಾಕಿ ಲೋಳೆ ಕೆರೆದು ತೆಗೆಯಬೇಕು, ಬೇರೆ ದಾರಿ ನನಗೆ ಕಂಡಿಲ್ಲ. ಯಾವ ಪೈಪ್ ಎಂದು ಪತ್ತೆ ಮಾಡುವುದು ಸುಲಭ. ರಾತ್ರಿ ಪ್ರತಿ ಮೋರಿಯ ಬಾಯಿಗೆ ಅಗಲವಾದ ಟೇಪನ್ನು ಅಂಟು ಕೆಳಗೆ ಬರುವಂತೆ, ಸ್ವಲ್ಪ ಗಾಳಿಗೆ ಜಾಗ ಬಿಟ್ಟು ಹಾಕಿ. ಬೆಳಿಗ್ಗೆ ಯಾವುದಕ್ಕೆ ನೊಣ ಅಂಟಿದೆಯೋ ಅದೇ ಪೈಪ್.

ಬೆನ್ನು ಗೂನಾಗಿ, ಹಾರುವ ಬದಲು ಗಡಿಬಿಡಿಯಲ್ಲಿ ಓಡುವ ಸಣ್ಣ ನೊಣವಾದರೆ ನಾನು ಸ್ವಲ್ಪ ಗಂಭೀರನಾಗುತ್ತೇನೆ. ಅದು ಗೂನುನೊಣ. ಮೋರಿ, ಕಸ ಎಲ್ಲ ಶುಚಿಯಾಗಿದ್ದೂ ಅವು ಬರುತ್ತಲೇ ಇದ್ದರೆ ನೆಲದಡಿ ಕೊಳಚೆ ಪೈಪ್ ಒಡೆದಿರುವ ಸಾಧ್ಯತೆ ಇರುತ್ತದೆ. ಆಗ ನನಗಿಂತ ಪ್ಲಂಬರ್ ಹೆಚ್ಚು ಉಪಯೋಗಕ್ಕೆ ಬರುತ್ತಾನೆ. ಕೆಂಪು ಕಣ್ಣಿನ ಮೂರು ಮಿಲಿಮೀಟರಿನದು ಡ್ರೊಸೊಫಿಲಾ, ಕಳಿತ ಹಣ್ಣು, ಹುಳಿಬಂದ ರಸ, ಒದ್ದೆ ನೆಲವಸ್ತ್ರ ಹುಡುಕಿ. ಕುಂಡದ ಗಿಡದ ಸುತ್ತ ಕಪ್ಪು ನುಸಿ ಎದ್ದರೆ ನೀರು ಜಾಸ್ತಿ ಆಗಿದೆ ಎಂದರ್ಥ, ಮೇಲ್ಮಣ್ಣು ಒಣಗಲು ಬಿಡಿ. ಅದರ ಹುಳಕ್ಕೆ ಹೊಳೆಯುವ ಕಪ್ಪು ತಲೆ ಇರುತ್ತದೆ. ಹುಳಕ್ಕೆ ಹೀಗೆ ತಲೆ ಎದ್ದು ಕಂಡರೆ ಅದು ಸೊಳ್ಳೆ, ನುಸಿಗಳ ಕಡೆಯದು. ತಲೆಯೇ ಕಾಣದಿದ್ದರೆ ಮನೆನೊಣದ ಕಡೆಯದು. ಈ ಒಂದು ಗುರುತು ಅರ್ಧ ಕೆಲಸ ಮುಗಿಸುತ್ತದೆ.

ಮನೆನೊಣ ಕಚ್ಚುವುದಿಲ್ಲ, ಅದರ ಬಾಯಿ ಹೀರಲಷ್ಟೇ ಸರಿ. ‘ಮನೆನೊಣ ಕಾಲಿಗೆ ಕಚ್ಚಿತು’ ಎಂದರೆ ಅದು ಕೊಟ್ಟಿಗೆ ನೊಣ. ನೋಡಲು ಹಾಗೇ ಇದ್ದರೂ ಸೂಜಿಯಂಥ ಮೂತಿ ಮುಂದಕ್ಕೆ ಚಾಚಿರುತ್ತದೆ. ಗಂಡು ಹೆಣ್ಣು ಎರಡೂ ರಕ್ತ ಹೀರುತ್ತವೆ. ಸೊಳ್ಳೆಯಲ್ಲಿ ಹೆಣ್ಣು ಮಾತ್ರ.

ಹೊಳೆಯುವ ಹಸಿರು, ನೀಲಿ ನೊಣಗಳು ಕಿಟಕಿಯ ಗಾಜಿಗೆ ಗುಂಪಾಗಿ ಬಡಿಯುತ್ತಿದ್ದರೆ ಒಳಗೆಲ್ಲೋ ಇಲಿಯೋ ಹಕ್ಕಿಯೋ ಸತ್ತಿದೆ. ಪ್ರಾಣಿ ಸತ್ತ ಜಾಗಕ್ಕೆ ನಿಮಿಷಗಳಲ್ಲೇ ಬರಬಲ್ಲವು ಇವು. ಹುಳ ಯಾವ ಹಂತದಲ್ಲಿದೆ, ಅಲ್ಲಿನ ಉಷ್ಣಾಂಶ ಎಷ್ಟಿತ್ತು ಎಂಬ ಲೆಕ್ಕ ಹಾಕಿ ಸಾವಿನ ಹೊತ್ತನ್ನು ಅಂದಾಜು ಮಾಡುವ ವಿದ್ಯೆಯೇ ಇದೆ. ಅಪರಾಧ ತನಿಖೆಯಲ್ಲಿ ಅದರ ಬಳಕೆ ಇದೆ. ಇವುಗಳ ಜೊತೆ ಬರುವ ಎದೆಯ ಮೇಲೆ ಮೂರು ಪಟ್ಟೆಯ, ಚೌಕಳಿ ಹೊಟ್ಟೆಯ ಬೂದು ಮಾಂಸನೊಣ ಮೊಟ್ಟೆ ಇಡುವುದಿಲ್ಲ, ನೇರವಾಗಿ ಹುಳವನ್ನೇ ಹಾಕುತ್ತದೆ.

ಈ ದಾರಿಯಲ್ಲಿ ಇನ್ನೂ ಮುಂದೆ ಹೋಗಿರುವುದು ಆಫ್ರಿಕಾದ ಸೆಟ್ಸೆ ನೊಣ. ನಿದ್ರಾರೋಗ ಹರಡುವುದು ಇದೇ. ತಾಯಿ ಒಂದು ಸಲಕ್ಕೆ ಒಂದೇ ಹುಳವನ್ನು ಹೊಟ್ಟೆಯೊಳಗೇ ಇಟ್ಟುಕೊಂಡು, ಹಾಲಿನಂಥ ದ್ರವ ಉಣಿಸಿ, ಪೂರ್ತಿ ಬೆಳೆಸಿ ಹೆರುತ್ತದೆ. ಹೊರಬಿದ್ದ ಹುಳ ಏನೂ ತಿನ್ನದೆ ಮಣ್ಣಿಗಿಳಿದು ಕೋಶ ಆಗುತ್ತದೆ. ಒಂದು ತಾಯಿಗೆ ಜೀವಮಾನದಲ್ಲಿ ಹತ್ತರ ಆಸುಪಾಸು ಮಕ್ಕಳು. ಹಾರುವ ನೊಣ ಕೊಲ್ಲುವುದು ದಂಡ ಎನ್ನುವ ನನ್ನ ವಾದ ಇಲ್ಲಿ ನಡೆಯುವುದಿಲ್ಲ. ಹುಳ ತಾಯಿಯ ಹೊಟ್ಟೆಯಲ್ಲಿದೆ, ಸಂತಾನವೋ ಬೆರಳೆಣಿಕೆ. ಹಾಗಾಗಿ ಔಷಧಿ ಹಚ್ಚಿದ ನೀಲಿ ಬಟ್ಟೆಯ ತೆರೆಗಳನ್ನು ನಿಲ್ಲಿಸಿ ದೊಡ್ಡ ನೊಣಗಳನ್ನೇ ಕೊಲ್ಲುತ್ತಾರೆ, ಅದು ಫಲವನ್ನೂ ಕೊಡುತ್ತದೆ.

ಕೋಶದ ಹಂತವನ್ನೇ ಆಯುಧ ಮಾಡಿಕೊಂಡ ಉದಾಹರಣೆಯೂ ಇದೆ. ಅಮೆರಿಕ ಖಂಡದ ಸ್ಕ್ರೂವರ್ಮ್ ನೊಣದ ಹುಳ ಜೀವಂತ ದನಗಳ ಗಾಯದಲ್ಲಿ ಬೆಳೆದು ಮಾಂಸ ತಿನ್ನುತ್ತದೆ. ಇದರ ಹೆಣ್ಣು ಸಾಮಾನ್ಯವಾಗಿ ಒಂದೇ ಸಲ ಕೂಡುತ್ತದೆ. ಎಡ್ವರ್ಡ್ ನಿಪ್ಲಿಂಗ್, ರೇಮಂಡ್ ಬುಶ್‌ಲ್ಯಾಂಡ್ ಎಂಬ ವಿಜ್ಞಾನಿಗಳು ಹಿಡಿದದ್ದು ಈ ಎಳೆಯನ್ನೇ. ಕೋಶಗಳಿಗೆ ವಿಕಿರಣ ಕೊಟ್ಟರೆ ಹೊರಬರುವ ಗಂಡು ಕೂಡಬಲ್ಲದು, ಆದರೆ ಸಂತಾನ ಕೊಡಲಾರದು. ಅಂಥ ಗಂಡುಗಳನ್ನು ಲಕ್ಷಗಟ್ಟಲೆ ಹಾರಿಬಿಟ್ಟರು. 1954ರಲ್ಲಿ ಕುರಸಾವ್ ದ್ವೀಪದಲ್ಲಿ ಕೆಲವೇ ತಿಂಗಳಲ್ಲಿ ಈ ನೊಣ ಇಲ್ಲವಾಯಿತು.

ಕಾಯಿ ಕೊರೆಯುವ ಹಣ್ಣುನೊಣ ಇನ್ನೊಂದು ತಲೆನೋವು. ಹೆಣ್ಣು ಕಾಯಿಯ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ, ಹುಳ ತಿರುಳಿನಲ್ಲಿ, ಕೋಶ ಮಣ್ಣಿನಲ್ಲಿ. ಮೇಲೆ ಹೊಡೆದ ಔಷಧಿ ಒಳಗಿನ ಹುಳಕ್ಕೆ ಮುಟ್ಟುವುದು ಕಷ್ಟ. ಬಿದ್ದ ಹಣ್ಣನ್ನು ದಿನಾ ಆರಿಸಿ ಆಳಕ್ಕೆ ಹೂಳುವುದು ಬೇಸರದ ಕೆಲಸ, ಆದರೆ ಅದನ್ನು ಬಿಟ್ಟು ಬರೀ ಬಲೆ ಡಬ್ಬಿ ನೇತುಹಾಕಿದರೆ ಸಾಲದು. ಡಬ್ಬಿಗೆ ಬೀಳುವುದು ಹೆಚ್ಚಾಗಿ ಗಂಡು.

ಎಲ್ಲ ಹುಳವನ್ನೂ ಕೊಲ್ಲಬೇಕಾಗಿಲ್ಲ. ಜೇನಿನ ವೇಷ ಹಾಕಿ ಹೂವಿನ ಮುಂದೆ ಗಾಳಿಯಲ್ಲೇ ನಿಲ್ಲುವ ಹೂನೊಣಗಳಲ್ಲಿ ಹಲವು ಜಾತಿಗಳ ಹುಳಗಳು ಗಿಡಹೇನು ತಿನ್ನುತ್ತವೆ. ಎಲೆಯ ಮೇಲೆ ಕಂಡ ತಕ್ಷಣ ಹಿಸುಕಬೇಡಿ.

ಕಾಂಪೋಸ್ಟ್ ಡಬ್ಬಿಯ ಹುಳದ ಬಗ್ಗೆಯೂ ಗಾಬರಿಯ ಕರೆಗಳು ಬರುತ್ತವೆ. ಹುಳ ಚಪ್ಪಟೆಯಾಗಿ, ದಪ್ಪ ಚರ್ಮದ್ದಾಗಿ, ಬೆಳೆದಂತೆ ಕಂದುಗಪ್ಪಾಗುತ್ತಿದ್ದರೆ ಅದು ಕಪ್ಪು ಸೈನಿಕ ನೊಣದ್ದು. ಕಸವನ್ನು ಇದರಷ್ಟು ಬೇಗ ಕರಗಿಸುವವು ಕಡಿಮೆ. ಕೋಳಿ, ಮೀನಿನ ಮೇವಿಗಾಗಿ ಇದನ್ನು ಸಾಕುವ ಉದ್ಯಮವೇ ಬೆಳೆದಿದೆ. ಇದು ತುಂಬಿದ ಕಡೆ ಮನೆನೊಣ ಮೊಟ್ಟೆ ಇಡುವುದೂ ಕಡಿಮೆ. ದೊಡ್ಡದಾದ ಮೇಲೆ ಕಪ್ಪು ಕಣಜದಂತೆ ಕಂಡರೂ ಕುಟುಕುವುದಿಲ್ಲ, ಕಚ್ಚುವುದಿಲ್ಲ, ನಮ್ಮ ಊಟಕ್ಕೆ ಮುತ್ತುವುದೂ ಇಲ್ಲ. ಕೋಶ ಆಗುವ ಹೊತ್ತಿಗೆ ಹುಳಗಳು ಡಬ್ಬಿ ಹತ್ತಿ ಹೊರಗೆ ಬರುತ್ತವೆ, ಆಗಲೇ ಮನೆಯವರಿಗೆ ಹೆದರಿಕೆ. ಮುಚ್ಚಳ ಬಿಗಿ ಮಾಡಿ, ಡಬ್ಬಿಯನ್ನು ಬಾಗಿಲಿನಿಂದ ಸ್ವಲ್ಪ ದೂರ ಇಡಿ. ಹಸಿ ಜಾಸ್ತಿಯಾಗಿ ನಾರುತ್ತಿದ್ದರೆ ಒಣ ಎಲೆ ಸೇರಿಸಿ. ಇದಕ್ಕೆ ನನ್ನನ್ನು ಕರೆಸುವ ಅಗತ್ಯವಿಲ್ಲ.